15 ಸಾವಿರ ರೂಪಾಯಿ ಮತ್ತು 108 ತುಂಡುಗಳ ಪೆಟ್ಟಿಗೆ

ನನ್ನ ಬಳಿ ನಾಲ್ಕು ವರ್ಷ ಕೆಲಸ ಕಲಿತ ಹುಡುಗ ಶಹಾಪುರದಲ್ಲಿ ಸ್ವಂತ ಗ್ಯಾರೇಜು ತೆರೆಯಲು ಹೊರಟಿದ್ದಾನೆ. ಹೋದ ವಾರ ಮೊಬೈಲಿಗೆ ಒಂದು ಚಿತ್ರ ಕಳುಹಿಸಿದ: 108 ತುಂಡುಗಳ ಉಪಕರಣ ಪೆಟ್ಟಿಗೆ, ಒಳಗೆ ಬೆಳ್ಳಿ ಪಾತ್ರೆಯಂತೆ ಹೊಳೆಯುವ ಗೋಟಿಗಳ (ಬೋಲ್ಟಿನ ತಲೆಗೆ ಕೂರಿಸಿ ತಿರುಗಿಸುವ ಸಾಕೆಟ್‌ಗಳ) ಸಾಲು. ‘ಉಸ್ತಾದ್, ಕೈಯಲ್ಲಿ 15 ಸಾವಿರ ಇದೆ. ಇದೊಂದನ್ನು ತೆಗೆದುಕೊಂಡರೆ ಮುಗಿಯಿತಲ್ಲವೇ?’ ಬೇಡ ಎಂದು ಒಂದೇ ಪದ ಬರೆದೆ. ಏಕೆ ಬೇಡ ಎಂದು ಫೋನಿನಲ್ಲಿ ಹೇಳಲು ಅರ್ಧ ಗಂಟೆ ಹಿಡಿಯಿತು.

ಕಲಬುರಗಿಯ ಸೇಡಂ ರಸ್ತೆಯಲ್ಲಿ ಗ್ಯಾರೇಜು ಇಟ್ಟ ಮೊದಲ ವರ್ಷ ನನ್ನದೂ ಇಂಥದೇ ಪೆಟ್ಟಿಗೆ. ಜೇವರ್ಗಿ ಕಡೆಯ ತೊಗರಿ ರೈತರೊಬ್ಬರು ಬೈಕಿನ ಎಣ್ಣೆ ಬದಲಿಸಲು ಬಂದರು. ಹಿಂದೆ ಯಾರೋ ಮೈಮೇಲಿನ ಬಲವೆಲ್ಲ ಹಾಕಿ ಬಿಗಿದಿದ್ದ ಡ್ರೈನ್ ಬೋಲ್ಟು, ಎಂದರೆ ಹಳೆ ಎಣ್ಣೆ ಇಳಿಸಲು ಬಿಚ್ಚುವ ಬೋಲ್ಟು. 17 ಮಿಲಿಮೀಟರಿನ ಗೋಟಿ ಕೂರಿಸಿ ಎಳೆದೆ. ಗೋಟಿ ತಿರುಗಿತು, ಬೋಲ್ಟು ಅಲುಗಲಿಲ್ಲ. ಬೋಲ್ಟಿಗೆ ಇರುವುದು 6 ಮೂಲೆ, ನನ್ನ ಗೋಟಿಯೊಳಗೆ 12. ಹನ್ನೆರಡು ಮೂಲೆಯದು ಬೋಲ್ಟನ್ನು ಅಂಚಿನ ಹತ್ತಿರ ಹಿಡಿಯುತ್ತದೆ, ಆರು ಮೂಲೆಯದು ಚಪ್ಪಟೆ ಮೈಯನ್ನು ಹಿಡಿಯುತ್ತದೆ. ಗಟ್ಟಿ ಉಕ್ಕಾಗಿದ್ದು ಅಳತೆ ಬಿಗಿಯಾಗಿದ್ದರೆ ಹನ್ನೆರಡೂ ನಡೆದೀತು. ನನ್ನದು ಮೆತ್ತಗೂ ಇತ್ತು, ಸಡಿಲವೂ ಇತ್ತು. ಬೋಲ್ಟಿನ ತಲೆ ಗೋಲಿಯಂತೆ ಗುಂಡಗಾಯಿತು. ಉಳಿ ಇಟ್ಟು ಹೊಡೆದು ತೆಗೆದಾಗ ಎಂಜಿನ್ನಿನ ಅಲ್ಯೂಮಿನಿಯಂ ಕೇಸಿನ ಥ್ರೆಡ್ಡೂ ಅದರ ಜೊತೆಗೇ ಹೊರಬಂತು. ಲೇತ್ ಅಂಗಡಿಯ ಖರ್ಚು, ಹೊಸ ಬೋಲ್ಟು, ಹಾಳಾದ ಒಂದು ದಿನ ಎಲ್ಲ ಸೇರಿ ಪೆಟ್ಟಿಗೆಯ ಬೆಲೆಯ ಅರ್ಧವನ್ನು ನುಂಗಿದವು. ಆ ರೈತರು ಒಂದು ಮಾತೂ ಆಡಲಿಲ್ಲ. ಮತ್ತೆ ಬರಲೂ ಇಲ್ಲ.

ಅಂದಿನಿಂದ ಯಾವ ಉಪಕರಣ ಕೈಗೆತ್ತಿಕೊಂಡರೂ ಬೆಲೆ ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದು ಕೆಟ್ಟರೆ ಇದೊಂದೇ ಕೆಡುತ್ತದೆಯೋ, ಗಿರಾಕಿಯ ಗಾಡಿಯನ್ನೂ ಜೊತೆಗೆ ಕರೆದೊಯ್ಯುತ್ತದೆಯೋ?

ಎಣ್ಣೆ ಹಿಡಿಯುವ ತಟ್ಟೆ, ಲಾಳಿಕೆ, ತಂತಿ ಬ್ರಷ್, ಬಿದ್ದ ನಟ್ಟು ಎತ್ತುವ ಅಯಸ್ಕಾಂತದ ಕಡ್ಡಿ, ಕೈದೀಪ. ಇವನ್ನು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಬೀದಿಬದಿಯಲ್ಲಿ ಸಿಕ್ಕ ಬೆಲೆಗೆ ಕೊಳ್ಳಬಹುದು. ಇವುಗಳಿಗೆ ಹೆಚ್ಚು ಹಣ ಕೊಡುವುದು ಶೋಕಿ.

ಪಾನಾ (ಸ್ಪ್ಯಾನರ್), ಗೋಟಿಗಳ ವಿಷಯ ಬೇರೆ. ನಮ್ಮ ಕಡೆಯ ಬೈಕು, ಸಣ್ಣ ಕಾರುಗಳ ಬಹುಪಾಲು ಕೆಲಸ 8, 10, 12, 14, 17, 19ರಲ್ಲಿ ಮುಗಿಯುತ್ತದೆ. (10ರದ್ದು ಎರಡು ಇರಲಿ, ಅದು ಕಳೆದುಹೋಗಲೆಂದೇ ಹುಟ್ಟಿದ್ದು.) 108ರಲ್ಲಿ ಉಳಿದವು ಹೆಚ್ಚಾಗಿ ಎಣಿಕೆ ತುಂಬಿಸಲು ಇಟ್ಟ, ಸ್ಕ್ರೂ ತಿರುಗಿಸುವ ಸಣ್ಣ ಬಿಟ್ಟುಗಳು. ಅಷ್ಟೇ ಹಣಕ್ಕೆ ಈ ಆರು ಅಳತೆಗಳಲ್ಲಿ ಆರು ಮೂಲೆಯ ಒಳ್ಳೆಯ ಗೋಟಿ, ಟಪಾರಿಯಾದಂಥ ಹೆಸರಿರುವ ದೇಶಿ ರಿಂಗ್ ಪಾನಾಗಳು ಬರುತ್ತವೆ. ಮೈಮೇಲೆ ಗಟ್ಟಿ ಉಕ್ಕಿನ ಹೆಸರಾದ ‘ಕ್ರೋಮ್ ವೆನೇಡಿಯಂ’ ಎಂದು ಕೊರೆದಿದ್ದರೆ ನಂಬಿಬಿಡಬೇಡ ಎಂದು ಹುಡುಗನಿಗೆ ಹೇಳಿದೆ. ಅಕ್ಷರ ಕೊರೆಯಲು ಎಷ್ಟು ಖರ್ಚು? ಜೇಬಿನಲ್ಲಿ 10, 14, 17ರ ಹೊಸ ಬೋಲ್ಟುಗಳನ್ನು ಇಟ್ಟುಕೊಂಡು ಅಂಗಡಿಗೆ ಹೋಗಬೇಕು. ಗೋಟಿ ಹಾಕಿ ಬೆರಳಿನಿಂದ ಆಡಿಸಿದಾಗ ಲಟಲಟ ಅಲ್ಲಾಡಿದರೆ ವಾಪಸ್ ಇಡಬೇಕು. ಗೋಟಿಯ ಬಾಯಿಯನ್ನೂ ನೋಡಬೇಕು: ಅಂಚನ್ನು ಬಹಳ ಇಳಿಜಾರಾಗಿ ತರಿದಿದ್ದರೆ ತೆಳು ತಲೆಯ ಬೋಲ್ಟಿಗೆ ಹಿಡಿತ ಸಿಗುವುದಿಲ್ಲ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ತಿರುಪುಳಿಯಲ್ಲಿ (ಸ್ಕ್ರೂಡ್ರೈವರ್) ಒಂದು ಸೂಕ್ಷ್ಮವಿದೆ. ಜಪಾನಿ ಮೂಲದ ಬೈಕುಗಳ ಕಾರ್ಬ್ಯುರೇಟರಿನ, ತಲೆಯಲ್ಲಿ ಕೂಡುವ ಗುರುತಿನ (+) ಗೀರಿರುವ ಸ್ಕ್ರೂ ಎಲ್ಲೆಡೆ ಸಿಗುವ ಸಾಮಾನ್ಯ ‘ಫಿಲಿಪ್ಸ್’ ಬಗೆಯದಲ್ಲ, ಜಪಾನಿ ಅಳತೆಯದು. ಹಲವು ಸ್ಕ್ರೂಗಳ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಅದಕ್ಕೆ ಫಿಲಿಪ್ಸ್ ತಿರುಪುಳಿ ಹಾಕಿದರೆ ಅದು ಮೇಲೆದ್ದು ಜಾರಿ ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ಜಪಾನಿ ಅಳತೆಗೆ ಹೊಂದುವ ಒಂದೇ ಒಂದು ತಿರುಪುಳಿ ಇದ್ದರೆ ಸಾಕು.

ವೋಲ್ಟ್ ಅಳೆಯುವ ಮಲ್ಟಿಮೀಟರ್ ನನ್ನ ಲೆಕ್ಕಾಚಾರಕ್ಕೆ ಒಗ್ಗಲಿಲ್ಲ. ಕೆಲವು ಗಂಟೆ ನಿಂತ ಗಾಡಿಯ ಚಾರ್ಜ್ ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5; ಇಷ್ಟನ್ನು ಹೇಳಲು ಅಗ್ಗದ ಹಳದಿ ಮೀಟರೇ ಸಾಕು ಎಂದುಕೊಂಡಿದ್ದೆ. ಒಮ್ಮೆ ಸ್ಕೂಟರೊಂದರಲ್ಲಿ ಅದು 16 ತೋರಿಸಿತು. ಚಾರ್ಜಿನ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ ಎಂದು ಹೊಸದು ಹಾಕಿದೆ. ಆಗಲೂ 16. ಕೊನೆಗೆ ಮೀಟರಿನ ಬೆನ್ನು ಬಿಚ್ಚಿ ನೋಡಿದರೆ ಅದರದೇ 9 ವೋಲ್ಟಿನ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಇಂಥ ಮೀಟರುಗಳು ತಮ್ಮ ಬ್ಯಾಟರಿ ಇಳಿದಾಗ ಕಡಿಮೆ ತೋರಿಸುವುದಿಲ್ಲ, ಹೆಚ್ಚು ತೋರಿಸುತ್ತವೆ. ಗಿರಾಕಿಗೆ ರೆಗ್ಯುಲೇಟರಿನ ಹಣ ಹಿಂದಿರುಗಿಸಿದೆ. ಪಾನಾ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಅಳೆಯುವ ಸಾಧನ ಕೆಡದೆಯೇ ಸುಳ್ಳು ಹೇಳುತ್ತದೆ. ಈಗಲೂ ಅದೇ ಮೀಟರ್ ಬಳಸುತ್ತೇನೆ, ಆದರೆ ಬೆಳಿಗ್ಗೆ ಹೊಸ 1.5 ವೋಲ್ಟಿನ ಸೆಲ್ಲಿಗೆ ಮುಟ್ಟಿಸಿ ನೋಡಿದ ಮೇಲೆ. ಮನೆಯ ಕರೆಂಟಿಗಂತೂ ಅದನ್ನು ಮುಟ್ಟಿಸುವುದಿಲ್ಲ.

ಜಾಕ್ ವಿಷಯದಲ್ಲಿ ನಾನು ಚೌಕಾಶಿ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡು: ಬೆಸುಗೆ ಪೂರ್ತಿ ಸುತ್ತಿ ಬಂದಿದೆಯೇ, ಹಲ್ಲುಗಳು ಪೂರ್ತಿ ಕೂಡುತ್ತವೆಯೇ ಎಂದು ನೋಡಬೇಕು. ನಮ್ಮಲ್ಲಿ ನೆಲಕ್ಕೆ ಶಹಾಬಾದ್ ಫರ್ಸಿ ಹಾಸಿರುತ್ತಾರೆ. ಸ್ಟ್ಯಾಂಡಿನ ಕಾಲು ನೇರವಾಗಿ ಊರಿದರೆ ಕಲ್ಲು ಬಿರಿಯುತ್ತದೆ, ಕೆಳಗೆ ದಪ್ಪ ಹಲಗೆ ಬೇಕು. ಜಾಕ್ ಮಾತ್ರ ಕೊಟ್ಟು ಗಾಡಿಯ ಕೆಳಗೆ ಮಲಗಿದವನನ್ನು ನಾನು ಆ ದಿನವೇ ಕೆಲಸದಿಂದ ಬಿಡಿಸುತ್ತೇನೆ. ಇದು ಹುಡುಗನಿಗೆ ಗೊತ್ತು.

ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ನಿನ ದೋಷ ತಿಳಿಸುವ ಕೋಡು ಓದುತ್ತದೆ, ಎಬಿಎಸ್ (ಚಕ್ರ ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ), ಏರ್‌ಬ್ಯಾಗುಗಳದ್ದನ್ನು ಸಾಮಾನ್ಯವಾಗಿ ಓದುವುದಿಲ್ಲ. ಆರಂಭಕ್ಕೆ ಸಾಕು.

ಉಳಿದದ್ದು ಟಾರ್ಕ್ ಪಾನಾ: ನಾವು ಇಟ್ಟ ಬಿಗಿತ ಮುಟ್ಟಿದೊಡನೆ ‘ಕಟ್’ ಎಂದು ಸದ್ದು ಮಾಡುವ ಪಾನಾ. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿತ ಬೇಕು. ಅಗ್ಗದ ಟಾರ್ಕ್ ಪಾನಾವನ್ನು ನಂಬುವುದು ಹೇಗೆ? ಭಾನುವಾರ ಹುಡುಗ ಬಂದ. ಪರಿಚಯದ ಅಂಗಡಿಯಿಂದ, ಸರಿಯಿಲ್ಲದಿದ್ದರೆ ಹಿಂದಿರುಗಿಸುವ ಮಾತಿನ ಮೇಲೆ, ಒಂದನ್ನು ತಂದೆವು. ಪಕ್ಕದ ಕಿರಾಣಿ ಅಂಗಡಿಯಿಂದ 10 ಕಿಲೋದ ಎರಡು ತೊಗರಿಬೇಳೆ ಚೀಲ ಕಡ ಕೇಳಿದೆವು. ಪಾನಾದ ಚೌಕ ತುದಿಯನ್ನು ಬೆಂಚ್ ವೈಸಿಗೆ ಕಚ್ಚಿಸಿ, ಹಿಡಿಕೆ ಅಡ್ಡವಾಗಿ ನಿಲ್ಲುವಂತೆ ಮಾಡಿ, ಆ ತುದಿಯಿಂದ ಸರಿಯಾಗಿ 40 ಸೆಂಟಿಮೀಟರ್ ದೂರದಲ್ಲಿ ಹಿಡಿಕೆಗೆ ಚೀಲಗಳನ್ನು ನಿಧಾನವಾಗಿ ತೂಗಿಬಿಟ್ಟೆವು. 20 ಕಿಲೋ ತೂಕ, 40 ಸೆಂಟಿಮೀಟರ್ ದೂರ: 78 ನ್ಯೂಟನ್ ಮೀಟರ್. ಪಾನಾದ ಸ್ವಂತ ಭಾರ ಎರಡು ಮೂರು ಸೇರಿಸುತ್ತದೆ, ಒಟ್ಟು 80ರ ಆಸುಪಾಸು. ಅಂದರೆ 75ಕ್ಕೆ ಇಟ್ಟಾಗ ‘ಕಟ್’ ಎನ್ನಬೇಕು, 90ಕ್ಕೆ ಇಟ್ಟಾಗ ಸುಮ್ಮನಿರಬೇಕು.

75ಕ್ಕೆ ಕಟ್ ಎಂದಿತು. 90ಕ್ಕೂ ಕಟ್ ಎಂದಿತು. ಅದನ್ನು ನಂಬಿ ಬಿಗಿದಿದ್ದರೆ ಚಕ್ರದ ನಟ್ಟು ಸಡಿಲವಾಗಿಯೇ ಉಳಿಯುತ್ತಿತ್ತು. ಹಿಂದಿರುಗಿಸಿ ಇನ್ನೊಂದು ತಂದೆವು, 400 ರೂಪಾಯಿ ಹೆಚ್ಚಿನದು. ಅದು 75ಕ್ಕೆ ಕಟ್ ಎಂದಿತು, 90ಕ್ಕೆ ಮೌನವಾಗಿತ್ತು. ಅಳತೆಪಟ್ಟಿಯ ಕೆಳತುದಿಯಲ್ಲಿ ಇಂಥವು ನಂಬಿಕೆಗೆ ಬಾರವು, ಹಾಗಾಗಿ ಬೈಕಿನ ಡ್ರೈನ್ ಬೋಲ್ಟಿಗೆ ಇದನ್ನು ಹಾಕಬೇಡ, ಕೆಲಸ ಮುಗಿದ ಮೇಲೆ ತಿರುಗಿಸಿ ಕನಿಷ್ಠಕ್ಕೆ ಇಳಿಸಿ ಇಡು, ಬಿಚ್ಚಲು ಎಂದೂ ಬಳಸಬೇಡ ಎಂದೆ. ತಲೆಯಾಡಿಸಿದ.

ಚೀಲಗಳನ್ನು ಹಿಂದಿರುಗಿಸಲು ಹೋದಾಗ ಕಿರಾಣಿ ಅಂಗಡಿಯ ಕಾಕಾ ಕನ್ನಡಕದ ಮೇಲಿನಿಂದ ನೋಡಿದರು. ‘ನಿಮ್ಮ ಪಾನಾ ಪರೀಕ್ಷೆ ಮಾಡಿದಿರೋ, ನನ್ನ ತೂಕ ಪರೀಕ್ಷೆ ಮಾಡಿದಿರೋ?’