ಟಕ್ ಸದ್ದಿನ ಬೇಟೆ: ಸ್ವೇ ಬಾರ್ ದಿನಚರಿ, ಮೂರನೇ ಕಂತು

ಸದ್ದು ಹೋಯಿತು. ಸ್ವೇ ಬಾರ್, ಅಂದರೆ ಎಡಬಲ ಚಕ್ರಗಳ ನಡುವೆ ಕೂತು, ತಾನು ತಿರುಚಿಕೊಂಡು ಕಾರು ವಾಲುವುದನ್ನು ತಡೆಯುವ ಸರಳು. ದಪ್ಪನೆಯದು ಹಾಕಿದ ಮೇಲೆ ಶುರುವಾದ ಆ ಟಕ್ ಸದ್ದು.

ಐದು ವಾರ, ಎರಡು ಜೊತೆ ಎಂಡ್ ಲಿಂಕ್ (ಬಾರ್‌ನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಕೊಂಡಿ), ಒಂದಿಡೀ ಟ್ಯೂಬ್ ಸಿಲಿಕೋನ್ ಗ್ರೀಸ್, ಲೆಕ್ಕ ತಪ್ಪುವಷ್ಟು ಸಲ ಕಾರಿನ ಕೆಳಗೆ ಅಂಗಾತ ಮಲಗಿದ್ದು. ಇಷ್ಟೆಲ್ಲ ಆದ ಮೇಲೆ ನಿನ್ನೆ ರಾತ್ರಿ ಎಡಚಕ್ರವನ್ನು ಉಬ್ಬಿನ ಮೇಲೆ ಹತ್ತಿಸಿದರೆ ಕೇಳಿಸಿದ್ದು ಟೈರಿನ ಸದ್ದು ಮಾತ್ರ. ನಂಬಿಕೆ ಬರಲಿಲ್ಲ. ಅದೇ ಉಬ್ಬನ್ನು ಹನ್ನೊಂದು ಸಲ ಹತ್ತಿ ಇಳಿದೆ. ಕಾರಣ ಹೇಳಿದರೆ ನಗುತ್ತೀರಿ, ನಗಿ, ಪರವಾಗಿಲ್ಲ. ತಪ್ಪು ಬಾರ್‌ನದಲ್ಲ, ಲಿಂಕಿನದಲ್ಲ, ನನ್ನದು. ಬಿಡಿಭಾಗ ಕಳಿಸಿದವನಿಗೂ ಅದರಲ್ಲಿ ಪಾಲಿದೆ, ಅವನನ್ನೂ ಬಿಡುವುದಿಲ್ಲ.

ಹಿಂದಿನ ಕಂತು ಓದದವರಿಗೆ ಚುಟುಕಾಗಿ: ಕಾರು 1990ರ ಮಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್, ನಾಲ್ಕೂ ಕಡೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಡಬಲ್ ವಿಶ್‌ಬೋನ್. ತೂಕ ಒಂದು ಟನ್ನಿಗೂ ಕಡಿಮೆ, ಆದರೆ ತಿರುವಿನಲ್ಲಿ ದೋಣಿಯ ಹಾಗೆ ವಾಲುತ್ತದೆ. ಕಂಪನಿ ಹಾಕಿಕೊಟ್ಟ ಮುಂದಿನ ಬಾರ್ ವರ್ನಿಯರ್ ಹಿಡಿದರೆ 19 ಮಿ.ಮೀ., ಹಿಂದಿನದು 12. ಬಾರ್‌ನ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎನ್ನುವುದು ನಿಮಗೆ ಗೊತ್ತಿರುವುದೇ. ಹಾಗಾಗಿ 19ರಿಂದ 22ಕ್ಕೆ ಹೋದರೆ ದಪ್ಪ ಹೆಚ್ಚುವುದು ಮೂರೇ ಮಿಲಿಮೀಟರ್, ಬಿಗುವು ಮಾತ್ರ 1.8 ಪಟ್ಟು. 24ಕ್ಕೆ ಹೋದರೆ ಎರಡೂವರೆ ಪಟ್ಟು.

ಮನಸ್ಸು ಮೊದಲು ಎಳೆದದ್ದು ಟೊಳ್ಳು ಬಾರ್ ಕಡೆಗೆ. ಹೊರವ್ಯಾಸ 25.4, ಗೋಡೆಯ ದಪ್ಪ 4 ಮಿ.ಮೀ. ಲೆಕ್ಕ ಹಾಕಿ ನೋಡಿದರೆ ಅದೂ 24ರ ಗಟ್ಟಿ ಬಾರೂ ಬಿಗುವಿನಲ್ಲಿ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ನೂರಕ್ಕೆ ನಲವತ್ತು ಕಡಿಮೆ. ತಿರುಚುವಾಗ ದುಡಿಯುವುದು ಹೊರಪದರ, ನಡುವಿನ ಲೋಹ ಸುಮ್ಮನೆ ಪ್ರಯಾಣಿಕ. ಆಸೆ ಆಯಿತು ನಿಜ. ಆದರೆ ನನ್ನ ಸ್ಪ್ರಿಂಗ್‌ಗಳು ಇನ್ನೂ ಕಂಪನಿಯವೇ. ಮೆತ್ತನೆಯ ಸ್ಪ್ರಿಂಗ್ ಮೇಲೆ ಅಷ್ಟು ಬಿಗಿ ಬಾರ್ ಕೂರಿಸಿದರೆ ಒಂದು ಚಕ್ರ ಗುಂಡಿಗೆ ಇಳಿದಾಗ ಇನ್ನೊಂದನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ತಲೆ ಅತ್ತಿತ್ತ ತೂಗಾಡುತ್ತದೆ. ಮೂವತ್ತು ವರ್ಷ ದಾಟಿದ ಹಳೇ ಒಡಲಿನ ಬೋಲ್ಟ್ ತೂತುಗಳ ಮೇಲೂ ಕರುಣೆ ಇರಬೇಕಲ್ಲ. 22ರ ಗಟ್ಟಿ ಬಾರಿಗೇ ನಿಂತೆ, ತುದಿಯಲ್ಲಿ ಲಿಂಕ್ ಕೂರಿಸಲು ಎರಡೆರಡು ತೂತು ಇರುವಂಥದ್ದು.

ಹಿಂದಿನ ಬಾರ್ ಮುಟ್ಟಲಿಲ್ಲ. ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್) ಓಪನ್, ಅಂದರೆ ಒಂದೇ ಚಕ್ರ ಸುತ್ತಿದರೂ ತಡೆಯದ ಬಗೆಯದ್ದು ಆಗಿರುವಾಗ ಹಿಂದೆ ದಪ್ಪ ಬಾರ್ ಹಾಕಿದರೆ ತಿರುವಿನಿಂದ ಹೊರಬರುವ ಹೊತ್ತಿಗೆ ಒಳಗಿನ ಹಿಂಚಕ್ರ ಹಗುರಾಗಿ ಬುರ್ರನೆ ಸುತ್ತುತ್ತದೆ, ಕಾರು ಅಲ್ಲೇ ಇರುತ್ತದೆ. ಮುಂದೆ ಮಾತ್ರ ಬಿಗಿ ಮಾಡಿದರೆ ಮೂತಿ ತಿರುವಿನ ಹೊರಕ್ಕೆ ಜಾರಿ ಅಂಡರ್‌ಸ್ಟಿಯರ್ ಆಗದೇ ಎಂದು ಕೇಳುವವರಿದ್ದೀರಿ. ಪುಸ್ತಕದ ಪ್ರಕಾರ ಆಗಬೇಕು. ಆದರೆ ಇಷ್ಟು ವಾಲುವ ಕಾರಿನಲ್ಲಿ ಹೊರಟೈರಿನ ಕ್ಯಾಂಬರ್ (ಟೈರ್ ನೆಲದ ಮೇಲೆ ನಿಲ್ಲುವ ಓರೆ) ಕೂಡ ವಾಲುವಿಕೆಯ ಜೊತೆಗೇ ಕೆಡುತ್ತದೆ. ವಾಲುವುದನ್ನು ತಡೆದಾಗ ಟೈರ್ ನೆಟ್ಟಗೆ ಕೂತು, ಆ ಕಡೆ ಕಳೆದದ್ದರಲ್ಲಿ ಒಂದಿಷ್ಟು ಈ ಕಡೆ ವಾಪಸ್ ಬರುತ್ತದೆ.

ಹಳೇ ಬಾರ್ ಬಿಚ್ಚಿದ್ದು, ತುಕ್ಕು ಹಿಡಿದ ನಟ್ ಜೊತೆ ಕುಸ್ತಿ ಆಡಿದ್ದು, ಲಿಂಕಿನ ಬಾಲ್ ಜಾಯಿಂಟ್ ನಟ್ ಜೊತೆ ತಾನೂ ಸುತ್ತಿದ್ದು, ಇವೆಲ್ಲ ನೀವೂ ಪಟ್ಟ ಪಾಡೇ, ಬಿಡಿ. ಒಂದೇ ಮಾತು: ಮುಂದಿನ ಎರಡೂ ಕಡೆಯನ್ನು ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ, ಬೋಲ್ಟ್ ಕಿತ್ತ ಕ್ಷಣ ಬೆರಳಿಗೆ ಬುದ್ಧಿ ಕಲಿಸುತ್ತದೆ.

ಈಗ ಕಥೆ ಬ್ರಾಕೆಟ್ ಒಳಗೆ ಕೂತು ಬಾರನ್ನು ಒಡಲಿಗೆ ಹಿಡಿಯುವ ಮೆತ್ತೆಗೆ, ಅಂದರೆ ಬುಷ್‌ಗೆ ಬಂತು.

ಪೊಟ್ಟಣದಲ್ಲಿ ಮೊದಲು ಬಂದ ಪಾಲಿಯುರೆಥೇನ್ ಬುಷ್‌ಗಳು 24ರ ಬಾರಿನವು. ಚೀಟಿಯ ಮೇಲೆ 22 ಎಂದೇ ಬರೆದಿತ್ತು. ಬದಲಿ ಬರಲು ಒಂಬತ್ತು ದಿನ. ಬದಲಿಯಲ್ಲಿ ಒಳತೂತು ಸರಿ, ಎತ್ತರ ತಪ್ಪು: ಬ್ರಾಕೆಟ್ ಒಳಗೆ ಕೂರಿಸಿದರೆ ಬುಷ್‌ನ ಚಪ್ಪಟೆ ತಳ ಒಂದು ಮಿಲಿಮೀಟರ್ ಹೊರಗೆ ಇಣುಕುತ್ತಿತ್ತು. ಸ್ವಲ್ಪ ಇಣುಕಲೇಬೇಕು, ಬೋಲ್ಟ್ ಬಿಗಿದಾಗ ಅಮುಕಿ ಹಿಡಿಯಬೇಕಲ್ಲ. ಆದರೆ ಪೂರ್ತಿ ಒಂದು ಮಿ.ಮೀ. ಅಮುಕಿದರೆ ಪಾಲಿ ಬಾರನ್ನು ಕತ್ತು ಹಿಸುಕಿದ ಹಾಗೆ ಹಿಡಿಯುತ್ತದೆ. ಲಿಂಕ್‌ಗಳನ್ನು ಕಳಚಿ ಬಾರನ್ನು ಕೈಯಲ್ಲಿ ತಿರುಗಿಸಲು ಹೋದೆ. ಜಗ್ಗಲಿಲ್ಲ. ಒಂದೇ ಕೈಯಲ್ಲಿ ಆಡಬೇಕಾದದ್ದು ಅದು. ಹೀಗೇ ಬಿಟ್ಟರೆ ಸಣ್ಣ ಸಣ್ಣ ಅಲೆಗಳ ಮೇಲೂ ಬುಷ್‌ನ ಘರ್ಷಣೆಯೇ ಸಸ್ಪೆನ್ಷನ್ ಆಗಿಬಿಡುತ್ತದೆ. ಜೊತೆಗೆ ಕೊಟ್ಟ ಗ್ರೀಸ್ ಪೊಟ್ಟಣವೋ, ಉಗುರಿಗೆ ಹಚ್ಚಲೂ ಸಾಲದು. ಜೋಡಣೆಯ ಸೂಚನಾಪತ್ರದಲ್ಲಿ ಒಂದೇ ಒಂದು ಚಿತ್ರ, ಅದೂ ಬೇರೆ ಯಾವುದೋ ಕಾರಿನದು.

ಮತ್ತೆ ಒಂಬತ್ತು ದಿನ ಕಾಯುವ ಸಹನೆ ಇರಲಿಲ್ಲ. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಅಂಟಿಸಿ, ಬುಷ್‌ನ ತಳ ಉಜ್ಜಿ ಉಜ್ಜಿ ಇಳಿಸಿದೆ. ಬಾರ್ ಸಲೀಸಾಗಿ ತಿರುಗಿತು. ಕಾರನ್ನು ನೆಲಕ್ಕಿಳಿಸಿ, ತನ್ನ ಭಾರದಲ್ಲೇ ನಿಂತಿರುವಾಗ ಒಂದು ಕಡೆಯ ಲಿಂಕ್ ಬಿಗಿದು, ಇನ್ನೊಂದರ ಉದ್ದ ಹೊಂದಿಸಿ, ಬೋಲ್ಟ್ ಬೆರಳಿನಲ್ಲೇ ತೂರುವಂತೆ ಮಾಡಿ ಪ್ರಿಲೋಡ್ (ಕಾರು ನಿಂತಾಗಲೇ ಬಾರ್‌ನಲ್ಲಿ ಉಳಿಯುವ ತಿರುಚು) ಸೊನ್ನೆಗೆ ತಂದೆ. ಎಲ್ಲ ಅಚ್ಚುಕಟ್ಟು. ಎರಡು ವಾರ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಮೂರನೇ ವಾರ ಟಕ್.

ನಿಧಾನವಾಗಿ ಹೋಗುವಾಗ, ಎಡಚಕ್ರ ಮಾತ್ರ ಏನನ್ನಾದರೂ ಹತ್ತಿದರೆ ಮಾತ್ರ. ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಸದ್ದಿಲ್ಲ. ಅಂದ ಮೇಲೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅಲ್ಲ, ಬಾರ್‌ನ ಕುಟುಂಬದವರೇ ಯಾರೋ. ಎರಡೂ ಚಕ್ರ ಜೊತೆಗೆ ಏರಿದಾಗ ಬಾರ್ ತಿರುಚಿಕೊಳ್ಳುವುದಿಲ್ಲ, ಸುಮ್ಮನೆ ಬುಷ್‌ನಲ್ಲಿ ಉರುಳುತ್ತದೆ. ಇಷ್ಟರವರೆಗೆ ನನ್ನ ತರ್ಕ ಸರಿಯೇ ಇತ್ತು.

ಆಮೇಲೆ ಎಡಲಿಂಕ್ ಕಳಚಿ ಓಡಿಸಿದೆ. ಸದ್ದಿಲ್ಲ. ‘ಸಿಕ್ಕಿಬಿದ್ದ ಕಳ್ಳ’ ಎಂದು ಕುಣಿದು ಹೊಸ ಲಿಂಕ್ ಜೊತೆ ತರಿಸಿ ಹಾಕಿದೆ. ಟಕ್. ನಟ್‌ಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಟಕ್. ಬಾರ್ ಅಡ್ಡಕ್ಕೆ ಜಾರುತ್ತಿದೆಯೇನೋ ಎಂದು ಬುಷ್‌ಗಳ ಪಕ್ಕ ತಡೆಬಳೆಯಂಥ ಕಾಲರ್ ಕೂರಿಸಿದೆ (ಇದು ಹೇಗೂ ಬೇಕಿತ್ತು, ಗ್ರೀಸ್ ಹಚ್ಚಿದ ಪಾಲಿ ರಬ್ಬರಿನ ಹಾಗೆ ಬಾರನ್ನು ಕಚ್ಚಿಕೊಳ್ಳುವುದಿಲ್ಲ). ಟಕ್. ಕೆಳಗಿನ ಬಾಲ್ ಜಾಯಿಂಟ್ ಮೇಲೂ ಅನುಮಾನಪಟ್ಟು ಸನ್ನೆಕೋಲು ಹಾಕಿ ಜಗ್ಗಿದೆ. ಗಟ್ಟಿಯಾಗಿತ್ತು, ಪಾಪ.

ಎಡವಟ್ಟು ಎಲ್ಲಿ ಅಂದರೆ ಆ ಲಿಂಕ್ ಕಳಚಿದ ಪರೀಕ್ಷೆಯಲ್ಲಿ. ಲಿಂಕ್ ಕಳಚಿದಾಗ ಸುಮ್ಮನಾಗುವುದು ಲಿಂಕ್ ಒಂದೇ ಅಲ್ಲ. ಒಂದು ತುದಿ ಬಿಟ್ಟುಹೋದರೆ ಬಾರ್ ಮೇಲೆ ಬಲವೇ ಬೀಳುವುದಿಲ್ಲ. ಬುಷ್, ಬ್ರಾಕೆಟ್, ಕಾಲರ್ ಎಲ್ಲವೂ ಬಾಯಿ ಮುಚ್ಚಿಕೊಳ್ಳುತ್ತವೆ. ಊರಿಗೆ ಊರನ್ನೇ ಜೈಲಿಗೆ ಹಾಕಿ ಕಳ್ಳತನ ನಿಂತಿತು, ಹಾಗಾದರೆ ಕಳ್ಳ ಇವನೇ ಎಂದು ಒಬ್ಬನ ಕಡೆ ಬೊಟ್ಟು ಮಾಡಿದ ಹಾಗಾಯಿತು. ಈ ಸರಳ ಸಂಗತಿ ಹೊಳೆಯಲು ನನಗೆ ಹಿಡಿದದ್ದು ಎರಡು ವಾರ ಮತ್ತು ಒಂದು ಜೊತೆ ಲಿಂಕಿನ ದುಡ್ಡು.

ನಡುವೆ ಒಂದು ವಾರ ಬೇಸತ್ತು ಕಾರನ್ನೇ ಮರೆತು ಮುಂದಿನ ಕೆಲಸಕ್ಕೆ ಕೈ ಹಾಕಿದೆ: ನಾಲ್ಕೂ ಚಕ್ರದ ಭಾರ ಬೇರೆ ಬೇರೆಯಾಗಿ ತೂಗುವ ಮನೆಯಲ್ಲೇ ಮಾಡಿದ ತಕ್ಕಡಿ. ಒಂದೊಂದು ಚಕ್ರದ ಮೇಲೆ ಸುಮಾರು 240 ಕೆಜಿ, ಮನುಷ್ಯರು ನಿಂತು ತೂಗಿಕೊಳ್ಳುವ ತಕ್ಕಡಿ ತಾಳುವುದು 150. ಗಟ್ಟಿ ತೊಲೆಯ ಒಂದು ತುದಿ ತಕ್ಕಡಿ ಮೇಲೆ, ಇನ್ನೊಂದು ಅಷ್ಟೇ ಎತ್ತರದ ದಿಮ್ಮಿಯ ಮೇಲೆ, ಚಕ್ರ ನಟ್ಟನಡುವೆ: ತಕ್ಕಡಿಗೆ ಅರ್ಧ ಭಾರ ಮಾತ್ರ. ಅಗ್ಗದ ನಾಲ್ಕು ತಕ್ಕಡಿ ತಂದು ಒಂದೊಂದರ ಮೇಲೂ ನಾನೇ ನಿಂತು ನೋಡಿದೆ. ನಾಲ್ಕು ತಕ್ಕಡಿ, ನಾಲ್ಕು ತೂಕ. ಒಂದರ ಪ್ರಕಾರ ನಾನು ಎರಡು ಕೆಜಿ ಇಳಿದಿದ್ದೇನೆ. ಅದನ್ನು ಮಾತ್ರ ಸ್ನಾನದ ಮನೆಗೆ ಎತ್ತಿಟ್ಟೆ. ಈ ಕಥೆ ಇನ್ನೊಂದು ದಿನ. ಆದರೆ ತೂಗುವಾಗ ಸ್ವೇ ಬಾರ್ ಕಳಚಿರಬೇಕು, ಇಲ್ಲದಿದ್ದರೆ ಬಾರ್‌ನಲ್ಲಿ ಉಳಿದ ತಿರುಚು ಒಂದು ಕರ್ಣದ ಚಕ್ರಗಳಿಗೆ ಸುಳ್ಳು ಭಾರ ಹೊರಿಸುತ್ತದೆ. ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗಲೇ ತಲೆಗೆ ಹೊಳೆದದ್ದು: ಬಾರ್ ಕಳಚಿದರೆ ಎಲ್ಲರೂ ಮೌನ!

ಮರುದಿನ ಪರೀಕ್ಷೆಯನ್ನು ತಲೆಕೆಳಗು ಮಾಡಿದೆ. ಏನನ್ನೂ ಕಳಚುವುದು ಬೇಡ, ಯಾರು ಅಲುಗುತ್ತಾರೆ ನೋಡೋಣ. ಬಾರ್, ಬುಷ್, ಬ್ರಾಕೆಟ್ ಮೂರನ್ನೂ ದಾಟುವಂತೆ ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದೆ. ಬುಷ್‌ನ ತಳ ಒಡಲಿಗೆ ಕೂರುವ ಸಂದಿಯ ಸುತ್ತ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ಮೆತ್ತಿದೆ. ಅದೇ ಉಬ್ಬು, ಮೂರು ಸಲ. ಕೆಳಗೆ ತೂರಿ ಟಾರ್ಚ್ ಹಾಕಿದೆ. ಬಲಬುಷ್‌ನ ಮಣ್ಣು ಮೆತ್ತಿದಂತೆಯೇ ಇತ್ತು. ಎಡಬುಷ್‌ನ ಮುಂಭಾಗದ ಮಣ್ಣು ಚಪಾತಿಯಾಗಿ ಹೊರಗೆ ನಾಲಗೆ ಚಾಚಿತ್ತು!

ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ: 0.6 ಮಿ.ಮೀ. ಹಿಂಭಾಗದಲ್ಲಿ ಅತ್ಯಂತ ತೆಳ್ಳನೆಯ ಎಲೆಯೂ ಹೋಗಲಿಲ್ಲ. ಬುಷ್ ಕಳಚಿ ವರ್ನಿಯರ್ ಹಿಡಿದೆ. ಹಿಂದೆ 0.8 ಉಜ್ಜಿದ್ದೇನೆ, ಮುಂದೆ 1.6. ಕೈಯಲ್ಲಿ ಉಜ್ಜುವಾಗ ಬೆರಳಿನ ಒತ್ತಡ ಒಂದೇ ಅಂಚಿಗೆ ಬಿದ್ದು ಬುಷ್ ಬೆಣೆಯಾಗಿತ್ತು. ಅದು ನಾನು ಮೊದಲು ಉಜ್ಜಿದ ಬುಷ್. ಎರಡನೆಯದರ ಹೊತ್ತಿಗೆ ಕೈ ಪಳಗಿ ಬಲದ್ದು ಸಮವಾಗಿ ಬಂದಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಕೆಳಗೆ ಮಲಗಿ ಬುಷ್ ಅನ್ನು ಸನ್ನೆಕೋಲು ಹಾಕಿ ಪರೀಕ್ಷಿಸಿದ್ದೆಲ್ಲ ಹಿಂಭಾಗದಿಂದ, ಅಲ್ಲಿ ಅದು ಕಲ್ಲಿನಂತೆ ಬಿಗಿ.

ಎರಡು ವಾರ ಸುಮ್ಮನಿದ್ದದ್ದೇಕೆ ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಜೋಡಿಸುವಾಗ ಕೈ ಬಿಚ್ಚಿ ಸುರಿದ ಗ್ರೀಸ್ ಆ ಸಂದಿಯಲ್ಲಿ ದಿಂಬಿನ ಹಾಗೆ ಕೂತಿತ್ತು. ದಿನ ಕಳೆದಂತೆ ಅದು ಹಿಂಡಿಕೊಂಡು ಹೊರಬಿದ್ದು ಸಂದಿ ಬರಿದಾಯಿತು. ಬುಷ್‌ಗಳು ಬಾರ್‌ನ ತುದಿಗಳಿಗಿಂತ ಒಳಗಿರುವುದರಿಂದ ಲಿಂಕ್ ತಳ್ಳುವ ಬಲಕ್ಕಿಂತ ಹೆಚ್ಚಿನ ಬಲ ಬುಷ್ ಮೇಲೆ ಬೀಳುತ್ತದೆ. ಚಕ್ರ ಏರಿ ಇಳಿದಾಗ ಆ ಬಲದ ದಿಕ್ಕು ತಿರುಗುತ್ತದೆ, ಬಾರ್ ಅರ್ಧ ಮಿಲಿಮೀಟರಿಗೂ ಮಿಕ್ಕಿ ಹಾರಿ ಒಡಲಿಗೆ ಗುದ್ದುತ್ತದೆ. ಒಡಲೇ ತಮಟೆ.

ದುರಸ್ತಿಗೆ ಹಿಡಿದದ್ದು ನಲವತ್ತು ನಿಮಿಷ. ಉಜ್ಜಿದ್ದನ್ನು ಮತ್ತೆ ಬೆಳೆಸಲಾಗದು. ಹೊಸ ಬುಷ್ ಜೊತೆ ಹಾಕಿದೆ. ಅವೂ ಒಂದು ಮಿ.ಮೀ. ಎತ್ತರವೇ, ಕಳಿಸುವವನಿಗೆ ಅದರ ಚಿಂತೆಯಿಲ್ಲ. ಈ ಸಲ ಬುಷ್ ಮುಟ್ಟದೆ ಬ್ರಾಕೆಟ್‌ನ ಕಿವಿಗಳ ಕೆಳಗೆ 0.7 ಮಿ.ಮೀ. ಶಿಮ್ (ತೆಳುಬಿಲ್ಲೆ) ಕೊಟ್ಟೆ. ಅಮುಕುವುದಕ್ಕೆ ಉಳಿದದ್ದು 0.3. ಬಾರ್ ಒಂದೇ ಕೈಯಲ್ಲಿ ತಿರುಗುತ್ತದೆ, ಬಿಟ್ಟರೆ ನಿಧಾನವಾಗಿ ತಾನೇ ಇಳಿಯುತ್ತದೆ. ಶಿಮ್ ಹೆಚ್ಚಾಯಿತು ಅನ್ನಿಸಿದರೆ ತೆಗೆದರಾಯಿತು. ಮೊದಲ ದಿನವೇ ಮಾಡಬೇಕಾದದ್ದು ಇದನ್ನೇ.

ಓಡಿಸಿದರೆ ಹೇಗಿದೆ? ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಯೋಚನೆ ಮಾಡುತ್ತಾ ವಾಲುವ ಆ ಅರ್ಧ ಕ್ಷಣ ಮಾಯವಾಗಿದೆ. ಎಡಬಲ ಎಡಬಲ ಎಂದು ಬದಲಿಸುವಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಉದ್ದನೆಯ ಸಮತಿರುವಿನಲ್ಲಿ ಮಾತ್ರ ಮೂತಿ ತುಸು ಹೊರಕ್ಕೆ ಜಾರುವ ಗುಮಾನಿ. ಈಗ ಲಿಂಕ್‌ಗಳು ಹೊರತೂತಿನಲ್ಲಿವೆ, ಬಾರ್‌ನ ತೋಳು 235 ಮಿ.ಮೀ. ಒಳತೂತಿಗೆ ಬಂದರೆ 210, ಬಿಗುವು ಇನ್ನೂ ಕಾಲು ಭಾಗ ಏರುತ್ತದೆ. ಒಂದು ಕಡೆ ಹೊರತೂತು, ಇನ್ನೊಂದು ಕಡೆ ಒಳತೂತು ಹಾಕಿದರೆ ನಡುವಿನದು ಸಿಗುತ್ತದೆ. ನೋಡಲು ಅಪಶಕುನದಂತಿದ್ದರೂ ಕೆಲಸ ಮಾಡುತ್ತದೆ. ಭಾನುವಾರ ಒಳತೂತು ನೋಡುವುದು, ಮೂತಿ ಜಾರುವುದು ಹೆಚ್ಚಾದರೆ ವಾಪಸ್. ಬಿಳಿ ಗೆರೆಗಳನ್ನು ಅಳಿಸಿಲ್ಲ. ಉಳಿದ ಜೇಡಿಮಣ್ಣನ್ನು ಅದರ ಮಾಲೀಕಳಿಗೆ ವಾಪಸ್ ಕೊಟ್ಟೆ, ಗ್ರೀಸ್ ವಾಸನೆ ಎಂದು ತೆಗೆದುಕೊಳ್ಳಲಿಲ್ಲ.