ದೊಡ್ಡಪ್ಪನ ತಾಳಮದ್ದಳೆ ಸೀಡಿ ಮತ್ತು ಇಲ್ಲದ ಪ್ಲಗಿನ್‌ಗಳು

ಜೂನ್ 14

ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ದೊಡ್ಡಪ್ಪನ ಫೋನ್. "ನೀನು ಹಾಕಿಕೊಟ್ಟದ್ದರಲ್ಲಿ ನನ್ನ ಸೀಡಿ ಮಾತೇ ಆಡುವುದಿಲ್ಲ ಮಾರಾಯ." ತಪ್ಪು ನನ್ನದೇ. ಅವರ ಹಳೆ ಲ್ಯಾಪ್‌ಟಾಪಿನಿಂದ ವಿಂಡೋಸ್ 7 ಕಿತ್ತು ಡೆಬಿಯನ್ ಎಂಬ ಲಿನಕ್ಸ್ ಹಾಕಿದವನು ನಾನು. ವೇಗ ಜಾಸ್ತಿ ಆಯ್ತು ಅಂತ ಖುಷಿಪಟ್ಟಿದ್ದರು. ಸೀಡಿಯ ನೆನಪು ಇಬ್ಬರಿಗೂ ಆಗ ಬಂದಿರಲಿಲ್ಲ.

ಈ ಸೀಡಿಯನ್ನು ದೊಡ್ಡಪ್ಪ 2006ರಲ್ಲಿ ತಾವೇ ಕೂತು ಮಾಡಿದ್ದು. ಊರಿನ ತಾಳಮದ್ದಳೆಗಳ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) 11 ಆಡಿಯೊ, ಎರಡು ವಿಡಿಯೊ, ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದ ಒಂದು ತುಂಡು ಚೆಂಡೆ. ಎಲ್ಲಕ್ಕೂ ಸೇರಿ ಒಂದು ವೆಬ್ ಪುಟ. ಮೇಲ್ಗಡೆ ತಿರುಗುವ ಕಿರೀಟ ಇರುವ ಮೆನು, ಆಗ ವೆಬ್ ಪುಟಗಳಲ್ಲಿ ಚಲಿಸುವ ಚಿತ್ರಕ್ಕೆ ಬಳಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮಾಡಿದ್ದು. ಐದು ಪ್ರತಿ ಮಾಡಿ, ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ನೆಂಟರಿಗೆ ಹಂಚಿದ್ದರು.

ಕುಂಬಳೆಯಿಂದ ಬಸ್ಸು ಹತ್ತಿ ಹೋಗಿ ಸೀಡಿ ತಂದೆ. ತುಂಬ ಗೀರು. ನೇರ ಕಾಪಿ ಮಾಡಿದರೆ ಮಧ್ಯದಲ್ಲಿ ನಿಲ್ಲುತ್ತದೆ. ಡಿಡಿ ರೆಸ್ಕ್ಯೂ ಎಂಬ ಪ್ರೋಗ್ರಾಂ ಹಾಕಿ ರಾತ್ರಿಯಿಡೀ ಬಿಟ್ಟೆ. ಅದು ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಾಳಾದ ಜಾಗವನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಅಲ್ಲಲ್ಲೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬೆಳಿಗ್ಗೆ ನೋಡಿದರೆ ಒಂಬತ್ತನೇ ಆಡಿಯೊದಲ್ಲಿ ಒಂದು ತೂತು ಬಿಟ್ಟು ಉಳಿದದ್ದೆಲ್ಲ ಬಂದಿತ್ತು.

ಜೂನ್ 15

ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದೆ. ಆಡಿಯೊ ಇರಬೇಕಾದಲ್ಲಿ ಖಾಲಿ ಜಾಗ. ಮೆನು ಇರಬೇಕಾದಲ್ಲೂ ಖಾಲಿ ಜಾಗ. ಕನ್ನಡ ಇರಬೇಕಾದಲ್ಲಿ ಯಾವುದೋ ಯುರೋಪಿನ ಅಕ್ಷರಗಳ ಜಾತ್ರೆ. ಕೊನೆಯದ್ದು ಸುಲಭ. ಪುಟ ಯುನಿಕೋಡ್ ಅಲ್ಲ, ಹಳೆ ನುಡಿ ಫಾಂಟ್. ಫಾಂಟ್ ಹಾಕಿದ ಕೂಡಲೇ ಕನ್ನಡವಾಯಿತು.

ಫೋಟೊಗಳೂ ಕೆಲವು ಬರಲಿಲ್ಲ. ಪುಟದಲ್ಲಿ ಫೋಲ್ಡರಿನ ಹೆಸರು ಸಣ್ಣಕ್ಷರದಲ್ಲಿ, ಡಿಸ್ಕಿನಲ್ಲಿ ದೊಡ್ಡಕ್ಷರದಲ್ಲಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಎರಡು ಫೋಟೊಗಳ ದಾರಿಯಂತೂ ದೊಡ್ಡಪ್ಪನ 2006ರ ಕಂಪ್ಯೂಟರಿನ ಸಿ ಡ್ರೈವಿಗೇ ಹೋಗುತ್ತಿತ್ತು! ಇಷ್ಟು ವರ್ಷ ಅವು ಯಾರಿಗೂ ಕಂಡಿರಲಿಕ್ಕಿಲ್ಲ.

ಇನ್ನು ಶಬ್ದ. ಪುಟದ ಒಳಗೆ ಇಣುಕಿದರೆ ಎಲ್ಲ ಕಡೆ ಎಂಬೆಡ್ ಟ್ಯಾಗ್, ಅಂದರೆ 'ಇಲ್ಲಿ ಈ ಫೈಲನ್ನು ನುಡಿಸು' ಎನ್ನುವ ಸೂಚನೆ. ಆಡಿಯೊಗಳು ರಿಯಲ್ ಆಡಿಯೊ, ವಿಡಿಯೊಗಳು ವಿಂಡೋಸ್ ಮೀಡಿಯಾ. ಆಗಿನ ಬ್ರೌಸರ್‌ಗೆ ಸ್ವಂತವಾಗಿ ಇದನ್ನೆಲ್ಲ ನುಡಿಸಲು ಬರುತ್ತಿರಲಿಲ್ಲ. ಟ್ಯಾಗಿನಲ್ಲಿ ಬರೆದ ಟೈಪ್, ಅಂದರೆ ಫೈಲಿನ ಜಾತಿ ನೋಡುತ್ತಿತ್ತು. 'ಇದು ನನ್ನದು' ಎನ್ನುವ ಪ್ಲಗಿನ್ (ಬ್ರೌಸರಿಗೆ ಹೊರಗಿನಿಂದ ಸೇರಿಸುವ ಪ್ರೋಗ್ರಾಂ) ಇದೆಯಾ ಅಂತ ಹುಡುಕುತ್ತಿತ್ತು. ಸಿಕ್ಕಿದರೆ ಪುಟದಲ್ಲಿ ಒಂದು ಚೌಕ ಬಿಟ್ಟುಕೊಡುತ್ತಿತ್ತು. ಯಕ್ಷಗಾನದ ಆಟಕ್ಕೆ ಗದ್ದೆ ಬಿಟ್ಟುಕೊಟ್ಟ ಹಾಗೆ. ಗದ್ದೆ ನಮ್ಮದು, ಆಟ ಮೇಳದವರದ್ದು.

ತೊಂದರೆ ಆದದ್ದೂ ಅದರಿಂದಲೇ. ಆ ಚೌಕದೊಳಗೆ ಓಡುವುದು ಪೂರ್ತಿ ಸ್ವತಂತ್ರ ಪ್ರೋಗ್ರಾಂ. ಅದರಲ್ಲಿ ತೂತಿದ್ದರೆ ಇಡೀ ಕಂಪ್ಯೂಟರಿಗೇ ಬಾಗಿಲು ತೆರೆದಂತೆ. ನೆಟ್‌ಸ್ಕೇಪ್ ಕಾಲದ ಈ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರಲ್ಲಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಉಳಿಸಿ ಬೇರೆ ಎಲ್ಲವನ್ನೂ ತೆಗೆಯಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಫ್ಲ್ಯಾಶ್ ನಿಲ್ಲಿಸಿದರು. ಮುಂದಿನ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 85ರಲ್ಲಿ ಅದೂ ಇಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಮೊದಲು ಹುಡುಕಿದ್ದು ಪ್ಲಗಿನ್ನನ್ನೇ. ಮೊಂಡುತನ.

ಜೂನ್ 22

ನಾನು ಓದಿದ್ದು ಕನ್ನಡ ಮೀಡಿಯಂ. ಆದರೆ ಕೇರಳದ ಶಾಲೆ ಅಲ್ವಾ, ಕಂಪ್ಯೂಟರ್ ಕಲಿತದ್ದೇ ಲಿನಕ್ಸ್‌ನಲ್ಲಿ. ಆಗ ಕೇರಳದ ಶಾಲೆಗಳಿಗೆ ಕೊಡುತ್ತಿದ್ದ ಐಟಿ ಅಟ್ ಸ್ಕೂಲ್ ಲಿನಕ್ಸಿನ 14.04 ಆವೃತ್ತಿಯ ಡಿವಿಡಿ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ನನ್ನ ಕಂಪ್ಯೂಟರಿನಲ್ಲಿ ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಮಾಡಿ ಎಬ್ಬಿಸಿದೆ. ಅದರ ಹಳೆ ಫೈರ್‌ಫಾಕ್ಸ್‌ಗೆ ವಿಎಲ್‌ಸಿ ಎಂಬ ಪ್ಲೇಯರಿನ ಬ್ರೌಸರ್ ಪ್ಲಗಿನ್ ಹಾಕಿದೆ, ಆಮೇಲೆ ನೆಟ್ ಕಿತ್ತೆ. ಇಷ್ಟು ಹಳೆ ಬ್ರೌಸರನ್ನು ನೆಟ್ಟಿಗೆ ಬಿಡಬಾರದು.

ವಿಳಾಸದ ಜಾಗದಲ್ಲಿ 'ಅಬೌಟ್ ಪ್ಲಗಿನ್ಸ್' ಎಂದು ಹೊಡೆದರೆ ಯಾವ ಪ್ಲಗಿನ್ ಯಾವ ಟೈಪನ್ನು ತನ್ನದೆನ್ನುತ್ತದೆ ಎಂಬ ಪಟ್ಟಿ ಬರುತ್ತದೆ. ವಿಂಡೋಸ್ ಮೀಡಿಯಾ ಇತ್ತು. ವಿಡಿಯೊ ಕೂಡಲೇ ಓಡಿತು. ಭಾಗವತರ ಪಕ್ಕ ಕಪ್ಪು ಮೀಸೆಯ ದೊಡ್ಡಪ್ಪ! ನಾನು ಅವರನ್ನು ಬಿಳಿ ಮೀಸೆಯಲ್ಲಿ ಮಾತ್ರ ನೋಡಿದ ನೆನಪು. ಅರ್ಧ ಗಂಟೆ ಕೆಲಸ ಬಿಟ್ಟು ಅದನ್ನೇ ನೋಡಿದೆ.

ಆಡಿಯೊ ಮಾತ್ರ ಇಲ್ಲ. ಪುಟದಲ್ಲಿದ್ದದ್ದು ರಿಯಲ್ ಪ್ಲೇಯರ್ ಪ್ಲಗಿನ್‌ಗೇ ಮೀಸಲಾದ ಟೈಪ್. ನನ್ನ ಪಟ್ಟಿಯಲ್ಲಿ ಆ ಹೆಸರಿಲ್ಲ. ಅದೇ ಫೈಲನ್ನು ವಿಎಲ್‌ಸಿಯಲ್ಲಿ ನೇರ ತೆರೆದರೆ ಚೆನ್ನಾಗಿ ಕೇಳುತ್ತದೆ. ಅಂದರೆ ಫೈಲನ್ನು ಬಿಡಿಸಿ ಓದುವ ಡಿಕೋಡರ್ ಉಂಟು, ಬರೀ ಹೆಸರಿನ ಜಗಳ. ಪುಟದಲ್ಲಿ ಟೈಪ್ ಬದಲಿಸಿದೆ. ಶಬ್ದ ಬಂತು.

ಗೆದ್ದೆ ಅಂದುಕೊಂಡು ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಹಾಗಾದರೆ ನಾನು ಲ್ಯಾಪ್‌ಟಾಪ್ ತೆರೆದು, ಅದರೊಳಗೆ ಇನ್ನೊಂದು ಕಂಪ್ಯೂಟರ್ ತೆರೆದು, ಅದರೊಳಗೆ ಬ್ರೌಸರ್ ತೆರೆಯಬೇಕು?" ಅಂದರು. ಹೌದು ಅನ್ನಲು ನಾಲಗೆ ಏಳಲಿಲ್ಲ. ಅವರ ಲ್ಯಾಪ್‌ಟಾಪಿನ ಮೆಮೊರಿ 2 ಜಿಬಿ ಬೇರೆ. ಒಂದು ವಾರದ ಕೆಲಸ ಪಕ್ಕಕ್ಕೆ.

ಜೂನ್ 29

ಮಳೆ ಎರಡು ದಿನ ಬಿಡುವು ಕೊಟ್ಟಿತು. ತೋಟಕ್ಕೆ ಮದ್ದು ಬಿಡುವ ಗಡಿಬಿಡಿ. ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಜುಲೈ 5

ಹೊಸ ದಾರಿ. ಪ್ಲಗಿನ್ ಆಸೆ ಬಿಟ್ಟು ಫೈಲುಗಳನ್ನೇ ಈಗಿನ ಬ್ರೌಸರಿನ ಭಾಷೆಗೆ ತರುವುದು. ಎಂಬೆಡ್ ಟ್ಯಾಗಿನ ಜಾಗಕ್ಕೆ ಆಡಿಯೊ, ವಿಡಿಯೊ ಟ್ಯಾಗ್. ಮೂಲ ಫೈಲುಗಳು ಹಾಗೇ ಇರುತ್ತವೆ, ಅವನ್ನು ಮುಟ್ಟುವುದಿಲ್ಲ.

ಆಡಿಯೊ, ವಿಡಿಯೊಗಳ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂಗೆ ಹಳೆ ರಿಯಲ್ ಆಡಿಯೊ ಓದಲು ಬರುತ್ತದೆ. ಮೂಲ 32 ಕೆಬಿಪಿಎಸ್, ಒಂದು ಗಂಟೆಗೆ 14 ಎಂಬಿ ಚಿಲ್ಲರೆ. ಓಪಸ್ ಎಂಬ ಆಡಿಯೊ ರೂಪಕ್ಕೆ ತರುವ ಮನಸ್ಸಿತ್ತು. ಮಾತಿಗೆ ಅದು ಬಹಳ ಒಳ್ಳೆಯದು. ಆದರೆ ದೊಡ್ಡಪ್ಪನ ಕಾರಿನ ಪ್ಲೇಯರ್‌ಗೆ ಎಂಪಿ3 ಬಿಟ್ಟು ಬೇರೆ ಗೊತ್ತಿಲ್ಲ. ಹಾಗಾಗಿ ಎಂಪಿ3, ಮೋನೊ, 64 ಕೆಬಿಪಿಎಸ್. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡುವುದಲ್ವಾ, ಸ್ವಲ್ಪ ಜಾಸ್ತಿ ಜಾಗ ಕೊಟ್ಟರೆ ಒಳ್ಳೆಯದು.

ವಿಡಿಯೊಗಳನ್ನು ಎಚ್.264 ಎಂಬ ವಿಡಿಯೊ ರೂಪಕ್ಕೆ ತಂದೆ. ನನ್ನಲ್ಲಿ ಓಡಿತು. ದೊಡ್ಡಪ್ಪನಲ್ಲಿ ಇಲ್ಲ! ಇದಕ್ಕೆ ಒಂದು ಸಂಜೆ ಹೋಯಿತು. ಲಿನಕ್ಸ್‌ನ ಫೈರ್‌ಫಾಕ್ಸ್ ಇಂಥ ವಿಡಿಯೊಗೆ ತನ್ನದೇ ಡಿಕೋಡರ್ ಇಟ್ಟುಕೊಂಡಿಲ್ಲ, ಸಿಸ್ಟಮಿನಲ್ಲಿರುವ ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಕೇಳುತ್ತದೆ. ಡೆಬಿಯನ್‌ನಲ್ಲಿ ಆ ಲೈಬ್ರರಿ ಫೈರ್‌ಫಾಕ್ಸ್‌ನ ಶಿಫಾರಸು ಪಟ್ಟಿಯಲ್ಲಿದೆ, ಕಡ್ಡಾಯ ಪಟ್ಟಿಯಲ್ಲಿ ಅಲ್ಲ. ನಾನೋ, ಜಾಗ ಉಳಿಸಲು ಶಿಫಾರಸುಗಳನ್ನೆಲ್ಲ ಬಿಟ್ಟು ಹಾಕಿದ್ದ ಜಾಣ. 'ಅಬೌಟ್ ಸಪೋರ್ಟ್' ಪುಟದ ಮೀಡಿಯಾ ಭಾಗದಲ್ಲಿ ಯಾವ ಕೋಡೆಕ್ ಉಂಟು, ಯಾವುದು ಇಲ್ಲ ಎಂಬ ಪಟ್ಟಿ ಇರುತ್ತದೆ. ಮೊದಲೇ ಅಲ್ಲಿ ನೋಡಿದ್ದರೆ ಐದು ನಿಮಿಷದ ಕೆಲಸ.

ಕ್ಯಾಮೆರಾದ ಚೆಂಡೆ ತುಂಡಿನದ್ದು ಬೇರೆಯೇ ಕಥೆ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಸರಿ, ಫೋನಿನ ಕ್ರೋಮ್‌ನಲ್ಲಿ ಶಬ್ದ ಮಾತ್ರ. ಆ ಕಾಲದ ಕ್ಯಾಮೆರಾ ಮೋಷನ್ ಜೆಪೆಗ್ ಬರೆಯುತ್ತಿತ್ತು, ಬಣ್ಣದ ವಿವರ ಎಷ್ಟು ಉಳಿಸಬೇಕೆಂಬ ಲೆಕ್ಕ 4:2:2. ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಅದನ್ನೇ ಮುಂದುವರಿಸುತ್ತದೆ. ಫೋನುಗಳಿಗೆ ಬೇಕಾದದ್ದು 4:2:0. ಪಿಕ್ಸೆಲ್ ಫಾರ್ಮ್ಯಾಟ್ ಅಂತ ಒಂದು ಮಾತು ಸೇರಿಸಿ ಮತ್ತೆ ಮಾಡಿದೆ. ಚಿತ್ರ ಬಂತು, ಕರೆಂಟು ಹೋಯಿತು.

ಜುಲೈ 12

ಫ್ಲ್ಯಾಶ್ ಮೆನು. ರಫಲ್ ಎಂಬ ಎಮ್ಯುಲೇಟರ್ ಉಂಟು, ರಸ್ಟ್ ಭಾಷೆಯಲ್ಲಿ ಬರೆದದ್ದು. ಬ್ರೌಸರ್ ಒಳಗೇ ವೆಬ್ ಅಸೆಂಬ್ಲಿಯಾಗಿ ಓಡುತ್ತದೆ, ಪ್ಲಗಿನ್ ಬೇಡ. 2006ರ ಸರಳ ಮೆನು ಅದಕ್ಕೆ ನೀರು ಕುಡಿದ ಹಾಗೆ. ಕಿರೀಟ ತಿರುಗಿತು. ತಮಾಷೆ ಅಂದರೆ, ಇಡೀ ಸೀಡಿಯಲ್ಲಿ ಯಾವ ಫಾಂಟೂ ಹಾಕದೆ ಸರಿಯಾಗಿ ಕಂಡ ಕನ್ನಡ ಈ ಮೆನುವಿನದ್ದು ಮಾತ್ರ. ಅಕ್ಷರಗಳ ಆಕಾರವೇ ಫೈಲಿನೊಳಗೆ ಸೇರಿತ್ತು.

ಆದರೆ ಪುಟವನ್ನು ಡಿಸ್ಕಿನಿಂದ ನೇರ ತೆರೆದರೆ ರಫಲ್ ಓಡುವುದಿಲ್ಲ, ಬ್ರೌಸರ್ ಬಿಡುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪಿನಲ್ಲೇ ಪೈಥಾನ್ ಜೊತೆಗೆ ಬರುವ ಸಣ್ಣ ವೆಬ್ ಸರ್ವರ್ ಎಬ್ಬಿಸಿದೆ. ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಇಟ್ಟೆ. ಮನೆಯ ವೈಫೈಯಲ್ಲಿ ದೊಡ್ಡಮ್ಮನ ಫೋನಿನಿಂದಲೂ ತೆರೆಯಬಹುದು.

ಜುಲೈ 13

ನೀರ್ಚಾಲಿನಲ್ಲಿ, ಚಾವಡಿಯಲ್ಲಿ ಪರೀಕ್ಷೆ. ದೊಡ್ಡಪ್ಪ ಐಕಾನ್ ಒತ್ತಿದರು. ಪುಟ ಬಂತು. ಕಿರೀಟ ತಿರುಗಿತು. ಅವರು ಕಿವಿ ಕೊಟ್ಟು ಕೂತರು.

"ಚೆಂಡೆ ಎಲ್ಲಿ?"

ಪುಟ ತೆರೆದ ಕೂಡಲೇ ಚೆಂಡೆ ಪೆಟ್ಟು ಕೇಳಬೇಕಂತೆ. ಮೂಲದಲ್ಲಿ ಅದಕ್ಕೆ ಬಳಸಿದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥವಾಗುತ್ತಿದ್ದ ಒಂದು ಟ್ಯಾಗ್. ನಾನು ಗಮನಿಸಿಯೇ ಇರಲಿಲ್ಲ. ಆಡಿಯೊ ಟ್ಯಾಗ್ ಹಾಕಿ ತಾನಾಗಿ ಶುರುವಾಗುವಂತೆ ಮಾಡಿದೆ. ಆದರೂ ಮೌನ. 2019ರ 66ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಕೇಳದೆ ಶಬ್ದ ಮಾಡುವ ಪುಟಗಳ ಬಾಯಿ ಮುಚ್ಚಿಸುತ್ತದೆ. ಈ ಒಂದು ವಿಳಾಸಕ್ಕೆ ಅನುಮತಿ ಕೊಟ್ಟೆ. ಚೆಂಡೆ ಬಿತ್ತು. ಅಡುಗೆಮನೆಯಿಂದ ದೊಡ್ಡಮ್ಮ "ಪುನಃ ಶುರುವಾಯ್ತಾ ಇದು" ಅಂದರು.

ಇನ್ನೊಂದು ತೊಂದರೆ ದೊಡ್ಡಮ್ಮನ ಫೋನಿನಲ್ಲಿ. ವಾಲಿ ಪಾತ್ರಧಾರಿಯ ಅರ್ಥ (ಮಾತು) ಬರುವಲ್ಲಿಗೆ ಎಳೆದರೆ ಆಡಿಯೊ ಮತ್ತೆ ಮೊದಲಿಗೇ ಹಾರುತ್ತದೆ. ಫೈಲ್ ಸರಿಯಿತ್ತು, ಸರ್ವರ್ ಸರಿಯಿರಲಿಲ್ಲ. ಮುಂದಕ್ಕೆ ಎಳೆದಾಗ ಬ್ರೌಸರ್ 'ಇಲ್ಲಿಂದ ಮುಂದಿನ ತುಂಡು ಕೊಡು' ಅನ್ನುತ್ತದೆ. ಪೈಥಾನಿನ ಸಣ್ಣ ಸರ್ವರ್‌ಗೆ ತುಂಡು ಕೊಡಲು ಗೊತ್ತಿಲ್ಲ, ಪ್ರತಿ ಸಲ ಇಡೀ ಫೈಲನ್ನೇ ಕೊಡುತ್ತದೆ. ಅದನ್ನು ತೆಗೆದು ಎಂಜಿನ್‌ಎಕ್ಸ್ ಎಂಬ ಬೇರೆ ಸರ್ವರ್ ಹಾಕಿದೆ. ಈಗ ಎಳೆದಲ್ಲಿ ನಿಲ್ಲುತ್ತದೆ.

ಉಳಿದದ್ದು ಒಂಬತ್ತನೇ ಆಡಿಯೊದ ತೂತು. ಅದೇ ಸೀಡಿಯ ಇನ್ನೊಂದು ಪ್ರತಿ ಸಿಕ್ಕಿದರೆ, ಡಿಡಿ ರೆಸ್ಕ್ಯೂಗೆ ಹಳೆ ಮ್ಯಾಪ್ ಫೈಲ್ ಕೊಟ್ಟು ಹಾಳಾದ ಜಾಗವನ್ನು ಮಾತ್ರ ಅದರಿಂದ ತುಂಬಿಸಬಹುದು. ಉಳಿದ ನಾಲ್ಕು ಪ್ರತಿಗಳಲ್ಲಿ ಮೂರರ ಸುದ್ದಿಯೇ ಇಲ್ಲ. ನಾಲ್ಕನೆಯದ್ದು ಪೆರ್ಲದ ಅತ್ತೆಯ ಮನೆಯಲ್ಲಿ. ಫೋನ್ ಮಾಡಿದೆ. ಹಕ್ಕಿ ಬರಬಾರದೆಂದು ತರಕಾರಿ ಚಪ್ಪರಕ್ಕೆ ನಾಲ್ಕೈದು ಸೀಡಿ ಕಟ್ಟಿದ್ದಾರಂತೆ. ಅದರಲ್ಲಿ ಇದೂ ಉಂಟಾ ಅಂತ ಮಳೆ ಬಿಟ್ಟ ಮೇಲೆ ಹೋಗಿ ನೋಡಿ ಹೇಳುತ್ತಾರೆ.