ಗೇಟ್ ನುಂಗಿದ ‘ಅಪ್ಪಾ’

ಆಲ್ಬಮ್ ರಿಲೀಸ್ ಆಗಿ ಭಾಳ ದಿನ ಆಯ್ತು, ಕೇಳಿದೋರು ಚಲೋ ಅದ ಅಂದ್ರು, ಆದ್ರೂ ಅದರಾಗಿನ ಮೂರನೇ ಹಾಡು ಶುರು ಆಯ್ತಂದ್ರ ನನಗ ಇವತ್ತಿಗೂ ಸಂಕಟ ಆಗ್ತದ. ಆ ಹಾಡಿನ ಮೊದಲ್ನೇ ಟೇಕ್ ನಾವು ಯಾರೂ ಪೂರಾ ಕೇಳಲೇ ಇಲ್ಲ, ಕೇಳಬೇಕು ಅಂತ ಗೊತ್ತಾಗೋ ಹೊತ್ತಿಗೆ ಅದು ಡಿಲೀಟ್ ಆಗಿ ಹೋಗಿತ್ತು. ಟೆಂಪ್ಲೇಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ತೆರೆದು ಸೀದಾ ರೆಕಾರ್ಡ್ ಒತ್ತೋ ಸ್ಟುಡಿಯೋದೋರು ನಮ್ ಕಡೆ ಭಾಳ ಮಂದಿ ಇದ್ದೀವಿ, ಅದಕ್ಕೇ ಬರೀಲಕತ್ತೀನಿ.

ನಂದು ಕಲಬುರಗಿಯ ಒಂದು ಸಣ್ಣ ಸ್ಟುಡಿಯೋದಾಗ ರೆಕಾರ್ಡಿಂಗ್, ಮಿಕ್ಸಿಂಗ್ ಕೆಲಸ. ಬರೋ ಕೆಲಸ ಅಂದ್ರ ಜಾತ್ರಿ ಡಿಜೆ ಹಾಡು, ಭಕ್ತಿಗೀತೆ, ಇಲೆಕ್ಷನ್ ಬಂದ್ರ ಪ್ರಚಾರದ ಹಾಡು, ಸಾಲಿ ಗ್ಯಾದರಿಂಗ್ ಟ್ರ್ಯಾಕು. ಇವೆಲ್ಲ ಟ್ರ್ಯಾಕ್ಟರ್ ಮ್ಯಾಲ ಇಟ್ಟ ಬಾಕ್ಸಿನಾಗ ಕೇಳೋವು, ಜೋರಿರಬೇಕು, ಗಾಯಕರು ಮೈಕ್ ಬಾಯಿಗೆ ಹಚ್ಚಿ ಒಂದೇ ಸಮ ಹಾಡ್ತಾರ. ಹಂಗಾಗಿ ನಮ್ಮ ಮಾಲಕರು ಯಾವಾಗೋ ಒಬ್ಬರ ಕಡೆಯಿಂದ ಒಂದು ಟೆಂಪ್ಲೇಟ್ ಮಾಡಿಸಿ ಇಟ್ಟಾರ. ಹಾಡೋರ ದನಿಯ ಚಾನೆಲ್‌ನಾಗ ಮೊದಲು ಗೇಟ್, ಅಂದ್ರ ದನಿ ಒಂದು ಮಟ್ಟಕ್ಕಿಂತ ಇಳಿದ್ರ ಸಪ್ಪಳಾನೇ ಬಂದ್ ಮಾಡೋದು, ಆಮ್ಯಾಲ ಜೋರು ಮೆತ್ತಗಿನ ಅಂತರ ಕಮ್ಮಿ ಮಾಡೋ ಬಿಗಿ ಕಂಪ್ರೆಸರ್, ಸುರ ತಿದ್ದೋ ಪಿಚ್ ಕರೆಕ್ಷನ್, ಕೊನೀಗೆ ಪೂರಾ ಹಾಡು ಒತ್ತಿ ಜೋರು ಮಾಡೋ ಲಿಮಿಟರ್. ಗೇಟ್ ಯಾಕಂದ್ರ ಹಿಂದಿನ ಗಲ್ಲಿಯಾಗ ಬ್ಯಾಳಿ ಮಿಲ್ ಅದ, ತೊಗರಿ ಸೀಜನ್‌ನಾಗ ಅದರ ಗುಂಯ್ ಅನ್ನೋ ಸಪ್ಪಳ ಬೂತ್ ಒಳಗೂ ಬರ್ತದ, ಗಾಯಕ ಬಾಯಿ ಮುಚ್ಚಿದ ಕೂಡಲೇ ಗೇಟ್ ಬಂದ್ ಆದ್ರ ಅದು ಕೇಳಂಗಿಲ್ಲ. ನಮ್ಮ ದಿನದ ಕೆಲಸಕ್ಕ ಇದು ಬರಾಬರ್ ಅದ. ಮಾಲಕರದು ಒಂದೇ ಮಾತು, ಟೆಂಪ್ಲೇಟ್ ಮುಟ್ಟಬ್ಯಾಡ್ರಿ.

ಹಿಂಗಿದ್ದಾಗ ಜೇವರ್ಗಿ ಕಡಿಯ ಒಬ್ಬ ಹುಡುಗ ಗಿಟಾರ್ ತಗೊಂಡು ಬಂದ. ಹಾಡು ಎಲ್ಲಾ ಅವನೇ ಬರ್ದಾನ, ಅವನೇ ರಾಗ ಹಾಕ್ಯಾನ. ಅವರಪ್ಪ ಮುಂಬಯಿಗೆ ಬಿಲ್ಡಿಂಗ್ ಕೆಲಸಕ್ಕ ದುಡಿಯಾಕ ಹೋದಾಂವ ತಿರುಗಿ ಬಂದಿಲ್ಲ, ಫೋನೂ ನಿಂತದ. ಆಲ್ಬಮ್ ಪೂರಾ ಅದರ ಸುತ್ತಾನೇ, ಗುಳೇ ಹೋದ ಮನಿ, ಬೀಗ ಹಾಕಿದ ಓಣಿ, ಭೀಮಾ ದಂಡಿ, ಅವ್ವ ರೊಟ್ಟಿ ಬಡಿಯೋಮುಂದ ಒಬ್ಬಾಕಿನೇ ಮಾತಾಡೋದು. ಗಿಟಾರ್ ಕಲ್ತಿದ್ದು ಮೊಬೈಲ್ ನೋಡಿ, ಆದ್ರ ಅವನ ದನಿ ಮೊಬೈಲ್‌ನಿಂದ ಬಂದಿದ್ದಲ್ಲ. ಸಣ್ಣಾಂವಿದ್ದಾಗ ಮೊಹರಂದಾಗ ಅಲಾಯಿ ಕುಣಿ ಮುಂದ ರಿವಾಯತ್ ಪದ ಕೇಳ್ಕೋತ ಬೆಳ್ದಾನ, ಕರ್ಬಲಾದ ದುಃಖ ನಮ್ಮ ಕನ್ನಡದಾಗ ಹಾಡೋ ಪದ ಅವು, ಹಿಂದೂ ಮುಸ್ಲಿಂ ಅನ್ನದ ಊರಿಗೂರೇ ಕೂಡಿ ಹಾಡ್ತಾರ. ಅಮಾವಾಸ್ಯೆಗೆ ಮಠದಾಗ ಕಡಕೋಳ ಮಡಿವಾಳಪ್ಪನ ತತ್ವಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ, ಏಕತಾರಿ ದಮ್ಮಡಿ ಕೂಡ ರಾತ್ರಿಯೆಲ್ಲ ಕೇಳ್ಯಾನ. ಹಂಗಾಗಿ ಸಾಲಿನ ಕೊನಿಗೆ ಬಂದಾಗ ಅಂವ ದನಿ ಎತ್ತಂಗಿಲ್ಲ, ಇಳಸ್ತಾನ. ಕೊನೀ ಶಬ್ದ ಅರ್ಧ ದನಿ ಅರ್ಧ ಉಸಿರು ಆಗಿ ಹೋಗ್ತದ, ದುಃಖ ಇರೋದೇ ಅಲ್ಲಿ.

ಮೊದಲ ಎರಡು ಹಾಡು ಹೆಂಗೋ ಆದ್ವು, ಅವು ಜರಾ ಜೋರಿನ ಹಾಡು. ಮೂರನೇದು ಪೂರಾ ಮೆತ್ತಗಿನದು. ಪಲ್ಲವಿಯ ಕೊನೀ ಸಾಲು ‘ಬಾಗಲ ತೆರದೇ ಅದ, ಅಪ್ಪಾ’ ಅಂತ. ಅಂವ ಬೂತ್‌ನಾಗ ಹೆಡ್‌ಫೋನ್ ಹಾಕ್ಕೊಂಡು ಹಾಡಿದ, ನಾವು ಈ ಕಡೆ ಸ್ಪೀಕರ್‌ನಾಗ ಕೇಳಿದ್ವಿ. ‘ಬಾಗಲ ತೆರದೇ ಅ...’ ಅಷ್ಟೇ ಬಂತು, ಮುಂದ ಖಾಲಿ. ಅಂವ ತಾನೇ ತಲಿ ಎತ್ತಿ ಕಾಜಿನಾಚೆಯಿಂದ ನನ್ನ ನೋಡಿದ. “ಅಣ್ಣಾ, ದನಿ ಹೋತೇನ್ರಿ?” ಅಂದ. ಇನ್ನೊಂದ್ ಸಲ ತಗೊಳ್ಳೋಣ ತಮ್ಮಾ, ಕೊನೀ ಶಬ್ದ ಜರಾ ಬಿಡಿಸಿ ಹಾಡು ಅಂದೆ. ಎರಡನೇ ಸಲ ಜರಾ ಜೋರು ಮಾಡಿದ, ‘ಅಪ್’ ತನಕ ಬಂತು. ಮತ್ತೊಂದು. ಮತ್ತೊಂದು. ಮಾಲಕರು ಹಿಂದ ಬಂದು ನಿಂತ್ರು, “ಹುಡುಗ ಅಂಜ್ಯಾನ ನೋಡು, ದಮ್ಮಿಲ್ಲ, ದಮ್ ಹಚ್ಚಿ ಹಾಡಂತ ಹೇಳು” ಅಂದ್ರು. ನಮಗೆಲ್ಲ ಹಂಗೇ ಅನ್ನಿಸ್ತು, ಮೊದಲ್ನೇ ಸಲ ಸ್ಟುಡಿಯೋಕ್ಕ ಬಂದ ಹುಡುಗ, ಶಬ್ದ ನುಂಗ್ಲಕತ್ಯಾನ ಅಂತ.

ಅಂವ ಹೇಳಿದ್ದು ಕೇಳೋ ಹುಡುಗ, ಟೇಕ್ ಟೇಕ್‌ಗೂ ದನಿ ಏರಿಸ್ಕೋತ ಹೋದ. ಕಡೀಗೆ ಆ ‘ಅಪ್ಪಾ’ ಬಸ್ ಸ್ಟ್ಯಾಂಡಿನಾಗ ಆ ಪ್ಲಾಟ್‌ಫಾರ್ಮಿನ ಮನುಷ್ಯಾಗ ಈ ಪ್ಲಾಟ್‌ಫಾರ್ಮಿನಿಂದ ಕೂಗಿದಂಗ ಆತು. ಗೇಟ್ ತೆರೀತು, ಶಬ್ದ ಸ್ವಚ್ಛ ಬಂತು, ಮೀಟರ್ ಚಂದ ಕುಣೀತು. ಮಾಲಕರು “ಓಕೆ, ಓಕೆ, ಮುಂದಿನ ಹಾಡು” ಅಂದ್ರು. ಬೂತ್‌ನಾಗ ಅಂವ ಹಾಡು ಮುಗಿಸಿ ಹೆಡ್‌ಫೋನ್ ತೆಗೆದು ಕೈಯಾಗ ಹಿಡ್ಕೊಂಡು ಸುಮ್ನ ಕುಂತಿದ್ದ.

ಹೊರಗ ಡಿಜೆ ಹಾಡಿನೋರು ಕೀಬೋರ್ಡ್ ತಗೊಂಡು ಬಂದು ಕಾಯ್ಲಕತ್ತಿದ್ರು, ಅವರ ಸ್ಲಾಟ್ ಶುರು ಆಗಿತ್ತು. ಒಂದು ಕಡೆ ಗಿಟಾರ್ ಜರಾ ತಪ್ಪಿತ್ತು, ಅಷ್ಟೇ ಜಾಗ ಮತ್ತ ರೆಕಾರ್ಡ್ (ಪಂಚ್) ಮಾಡೋಣಂತ ನಾ ಪರದೆ ಮ್ಯಾಲಿನ ದನಿಯ ಗೆರಿ (ವೇವ್) ಝೂಮ್ ಮಾಡಿದೆ. ಅದು ನಡುವಿನ ಒಂದು ಟೇಕ್, ಕೊನೀ ಶಬ್ದ ‘ನುಂಗಿದ್ದು’. ನೋಡಿದ್ರ ಸಾಲಿನ ತುದೀಗೆ ಸಣ್ಣದೊಂದು ಗುಬ್ಬು ಕಾಣ್ತದ. ಪ್ಲೇ ಮಾಡಿದೆ, ಕೇಳಂಗಿಲ್ಲ. ಮತ್ತೊಮ್ಮೆ ಮಾಡಿದೆ. ಕಣ್ಣಿಗೆ ವೇವ್ ಅದ, ಕಿವಿಗೆ ಖಾಲಿ. ಆವಾಗ ನನ್ನ ಎದಿ ಝಲ್ ಅಂತು. ಗೇಟ್ ಬೈಪಾಸ್ ಮಾಡಿ, ಅಂದ್ರ ಅದನ್ನ ದಾರಿಯಿಂದ ತೆಗೆದು, ಪ್ಲೇ ಒತ್ತಿದೆ. ‘ಅಪ್ಪಾ’ ಪೂರಾ ಬಂತು, ಅದರ ಹಿಂದಿಂದ ಉಸಿರು, ಆಮ್ಯಾಲ ಗಿಟಾರಿನ ದಪ್ಪ ತಂತಿ ಕಂಪಿಸಿ ನಿಲ್ಲೋದು, ಎಲ್ಲಾ ಅದ. ಹುಡುಗ ಏನೂ ನುಂಗಿದ್ದಿಲ್ಲ. ಗೇಟ್ ಬಂದ್ ಆಗೋ ಮಟ್ಟ (ಥ್ರೆಶೋಲ್ಡ್) ಮೈನಸ್ 30 ಡಿಬಿ (ಡೆಸಿಬೆಲ್, ದನಿಯ ಜೋರಿನ ಅಳತಿ) ಹತ್ರ ಇತ್ತು, ಬಂದ್ ಆಗ್ಲಕ ತಗೊಳ್ಳೋ ಹೊತ್ತು (ರಿಲೀಸ್) ಭಾಳ ಸಣ್ಣದು, ಅವನ ದನಿ ಇಳಿದ ಕೂಡಲೇ ಗೇಟ್ ಬಂದ್ ಆಗ್ತಿತ್ತು. ಫೈಲ್‌ನಾಗ ಸಾಫ್ ರೆಕಾರ್ಡ್ ಆಗ್ಯದ, ಆದ್ರ ಕೇಳೋ ದಾರಿ ಗೇಟ್ ದಾಟಿ ಬರ್ತದ, ಅವನ ಹೆಡ್‌ಫೋನ್‌ಗೂ ಅದೇ, ನಮ್ಮ ಸ್ಪೀಕರ್‌ಗೂ ಅದೇ. ಅಂವಗ ತನ್ನ ದನಿ ತುಂಡಾಗಿ ಕೇಳ್ತಿತ್ತು, ತನ್ನದೇ ತಪ್ಪು ಅಂತ ತಿಳಕೊಂಡು ಮಷಿನ್‌ಗೆ ಬೇಕಾದಂಗ ಹಾಡ್ಲಕ ಕಲ್ತ. ನಾವು ಕೂತು ಅದನ್ನ ಕಲಿಸಿದ್ವಿ.

ಮೊದಲ್ನೇ ಟೇಕ್ ತೆಗಿ ಅಂತ ಅಸಿಸ್ಟೆಂಟ್ ಹುಡುಗಗ ಅಂದೆ. ಅಂವ ನನ್ನ ಮಾರಿ ನೋಡಿದ. ನಮ್ಮಲ್ಲಿ ರೂಲ್ ಅದ, ಓಕೆ ಆಗದ ಟೇಕ್ ಆಗಿಂದಾಗ ಡಿಲೀಟ್ ಮಾಡಬೇಕು, ಡಿಸ್ಕ್ ತುಂಬ್ತದ ಅಂತ. ಹೊಸ ಡಿಸ್ಕ್ ಕೇಳಿ ಕೇಳಿ ಸಾಕಾಗಿತ್ತು, ಮುಂದಿನ ತಿಂಗಳು ಅಂತಿದ್ರು. ಆ ಹುಡುಗ ರೂಲ್ ಪ್ರಕಾರ ಮೊದಲಿನ ಟೇಕ್ ತೆಗೆದು ಹಾಕಿದ್ದ, ಅಂವಗೇನು ಅನ್ನೋದು? ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದ್ವಿ, ಅದೇ ಜಾಗದ ಮ್ಯಾಲ ಹೊಸ ಟೇಕ್ ಕುಂತಿದ್ವು, ಸಿಕ್ಕಿದ್ದು ಬರೇ ಚೂರು ಚೂರು. ಆಮೇಲಿನ ಟೇಕ್ ಇದ್ವು ಖರೇ, ಆದ್ರ ಅವು ಆಗಲೇ ಅಂಜಿ, ಏರಿಸಿ ಹಾಡಿದ್ವು. ತಾ ಕೇಳ್ಕೊಂಡದ್ದೆಲ್ಲ ಸರಿ ಅದ ಅಂತ ನಂಬಿ ಅಂವ ಹಾಡಿದ್ದು ಅದೊಂದೇ ಸಲ.

ಬೂತ್ ಬಾಗಲ ತೆರೆದು ಅಂವಗ ಇದ್ದದ್ದು ಇದ್ದಂಗ ಹೇಳಿದೆ. ಸ್ಪೀಕರ್‌ನಾಗ ಗೇಟ್ ಇಲ್ಲದ್ದು ಕೇಳ್ಸಿದೆ. ಅಂವ ಸಿಟ್ಟಿಗೇಳ್ಲಿಲ್ಲ. “ಹಂಗಂದ್ರ ನಾ ಮೊದಲು ಹಾಡಿದ್ದೇ ಸರಿ ಇತ್ತೇನ್ರಿ ಅಣ್ಣಾ?” ಅಂತ ಕೇಳಿದ. ಹೌದು ಅಂದೆ. ದನಿ ಅಷ್ಟೊತ್ತಿಗೆ ಕೂತಿತ್ತು, ಮನೀಗೆ ಕಳಿಸಿದೆ.

ಮುಂದಿನ ಕೆಲಸ ಎಲ್ಲಾ ರಾತ್ರಿ ಮಾಡಿದ್ವಿ, ಮಿಲ್ ಬಂದ್ ಆದ ಮ್ಯಾಲ. ಬೂತ್ ಬಿಟ್ವಿ, ಫೋಮ್ ತುಂಬಿದ ಆ ಡಬ್ಬಿಯಾಗ ಗಿಟಾರ್ ಸತ್ತಂಗ ಕೇಳ್ತದ. ಹೊರಗಿನ ಆಫೀಸ್ ಕೋಣಿಯಾಗ ಕೂಡ್ರಿಸಿದೆ, ಅಲ್ಲಿ ಶಹಾಬಾದ್ ಕಲ್ಲಿನ ನೆಲ, ಬರೇ ಬಿಟ್ರ ದನಿ ಟಣ್ ಅಂತ ಮ್ಯಾಲೆ ಬರ್ತದ, ಹಂಗಾಗಿ ಅರ್ಧ ನೆಲಕ್ಕ ಜಮಖಾನ, ಕಿಡಕಿಗೆ ಮನಿಯಿಂದ ತಂದ ಕೌದಿ. ಒಂದೇ ಕಂಡೆನ್ಸರ್ ಮೈಕ್, ದನಿಗೂ ಗಿಟಾರ್‌ಗೂ ಕೂಡಿ, ಎದಿ ಎತ್ತರಕ್ಕ, ಒಂದೂವರೆ ಮಾರು ದೂರ ಅಲ್ಲ, ಒಂದೂವರೆ ಗೇಣು. ಹೆಡ್‌ಫೋನ್ ಇಲ್ಲ, ತಾಳ ಹಿಡಿಯಾಕ ಟಿಕ್ ಟಿಕ್ ಅನ್ನೋ ಕ್ಲಿಕ್ ಇಲ್ಲ. ಗಿಟಾರ್ ಜಾಸ್ತಿ ಆದ್ರ ಅಂವ ತಾನೇ ಬೆರಳು ಹಗುರ ಮಾಡಬೇಕು, ಆಮ್ಯಾಲ ಮಿಕ್ಸ್‌ನಾಗ ಬೇರೆ ಮಾಡ್ಲಕ ಆಗಂಗಿಲ್ಲ. ಮೇ ತಿಂಗಳು, ಹಗಲ 42 ಡಿಗ್ರಿ ದಾಟಿದ್ದು ಕಲ್ಲು ರಾತ್ರಿ ತನಕ ಬಿಸಿ ಹಿಡಿದಿರ್ತದ, ಎಸಿ ಹಚ್ಚಿದ್ರ ಗಾಳಿ ಸಪ್ಪಳ ಮೈಕ್‌ಗೆ ಬರ್ತದ, ಬಂದ್ ಮಾಡಿದ್ರ ಕೋಣಿ ಕಾಯ್ತದ, ಸ್ಟೀಲ್ ತಂತಿ ಬಿಸಿಗೆ ಸಡ್ಲಾಗಿ ಸುರ ಇಳೀತದ. ಹಾಡಿಗೊಮ್ಮೆ ಟ್ಯೂನ್, ಮತ್ತೊಂದು ಹಾಡು, ಮತ್ ಟ್ಯೂನ್, ಹಿಂಗೇ. ಅಂವಗೂ ಬೆವರು, ನಮಗೂ ಬೆವರು, ಆದ್ರ ಮೂರನೇ ಹಾಡು ಎರಡನೇ ರಾತ್ರಿ ಕುಂತಲ್ಲೇ ಬಂತು. ‘ಅಪ್ಪಾ’ ಎಷ್ಟು ಸಣ್ಣಗ ಬಂತಂದ್ರ ಗಿಟಾರಿನ ಮ್ಯಾಲ ಅವನ ಅಂಗೈ ಸರದ ಸಪ್ಪಳ ಅದಕ್ಕಿಂತ ಜಾಸ್ತಿ ಅದ. ಎರಡೂ ಹಂಗೇ ಇಟ್ಟೀನಿ.

ಇನ್ನೊಂದು ಹಾಡಿನ ನಡುವ ದೂರ ರೈಲಿನ ಕೂಗು ಬಿದ್ದದ. ಸೊಲ್ಲಾಪುರ–ವಾಡಿ ಲೈನಿನ ಗಾಡಿ ಅದು. ಮಾಲಕರು ಅದನ್ನ ಸಾಫ್ಟ್‌ವೇರ್‌ನಾಗ ತೆಗಿ ಅಂದ್ರು, ನಾ ಒಪ್ಪಲಿಲ್ಲ. ಇಲ್ಲಿಂದ ಮುಂಬಯಿಗೆ ಹೋಗೋ ಗಾಡಿ ಅದೇ ಲೈನ್ ಮ್ಯಾಲ ಹೋಗ್ತಾವ, ಆ ಹುಡುಗನ ಅಪ್ಪ ಹೋಗಿದ್ದೂ ಅದೇ ದಾರಿ. ಅದನ್ನ ಹೆಂಗ ತೆಗೀಬೇಕು?

ಮಾಸ್ಟರಿಂಗ್‌ಗೆ, ಅಂದ್ರ ಹಾಡಿನ ಕೊನೀ ಲೆವೆಲ್ ಕೂಡಿಸೋ ಕೆಲಸಕ್ಕ, ಬಂದಾಗ ಖರೇ ಜಗಳ ಆತು. “ತಮ್ಮಾ, ಸೌಂಡೇ ಬರವಲ್ದು, ನಮ್ಮ ಡಿಜೆ ಹಾಡಿನ ಪಕ್ಕ ಹಚ್ಚಿ ನೋಡು, ಸತ್ತಂಗ ಅದ. ಲಿಮಿಟರ್ ಎಳಿ” ಅಂದ್ರು ಮಾಲಕರು. ಸರ್, ಇದು ಬಾಕ್ಸಿನಾಗ ಕೇಳೋದಲ್ರಿ, ಒಬ್ಬರೇ ಕುಂತು ಕೇಳೋದು ಅಂತ ಹೇಳಿದ್ರ ಕೇಳಲಿಲ್ಲ. ಬಾಯಿ ಮಾತಿಗೆ ಅವರು ಬಗ್ಗಂಗಿಲ್ಲ, ಅದಕ್ಕೇ ಎರಡೂ ಮಾಡಿ ಮುಂದ ಇಟ್ಟೆ, ಒಂದು ಮೈನಸ್ 8 ಎಲ್‌ಯುಎಫ್‌ಎಸ್‌ಗೆ (ಹಾಡು ಕಿವಿಗೆ ಎಷ್ಟು ಜೋರು ಅನ್ನೋ ಅಳತಿ, ಸೊನ್ನೀಗೆ ಹತ್ರ ಆದಷ್ಟೂ ಜೋರು) ಒತ್ತಿದ್ದು, ಒಂದು ಮೈನಸ್ 16ರ ಹತ್ರ ಬಿಟ್ಟಿದ್ದು. ಸ್ಪಾಟಿಫೈ ತಾನಾಗೇ ಎಲ್ಲಾ ಹಾಡನ್ನೂ ಸುಮಾರು ಮೈನಸ್ 14ಕ್ಕ ತರ್ತದ, ನೀವು ಒತ್ತಿದ್ದು 6 ಡಿಬಿ ಅವರು ಇಳಸ್ತಾರ, ಯೂಟ್ಯೂಬ್‌ನಾಗೂ ಜೋರಿದ್ದದ್ದು ಇಳೀತದ, ಒತ್ತಿದ್ದಕ್ಕ ಸಿಕ್ಕಿದ್ದೇನು ಅಂತ ಮಾಲಕರಿಗೆ ಕೇಳಿದೆ. ಎರಡನ್ನೂ ಒಂದೇ ಲೆವೆಲ್‌ಗೆ ತಂದು, ಯಾವುದು ಯಾವುದಂತ ಹೇಳದೇ ಕೇಳ್ಸಿದೆ. ಒತ್ತಿದ್ದರಾಗ ಗಿಟಾರ್ ಮೀಟಿದ ಪೆಟ್ಟು ಸತ್ತಿತ್ತು, ಉಸಿರು ಮಾತ್ರ ದೊಡ್ಡದಾಗಿ ಕಿವೀಗೆ ಬಂದು ಕುಂತಿತ್ತು, ಹಾಡು ಮತ್ತು ಸುಮ್ಮನಿರೋದು ಎರಡೂ ಒಂದೇ ಎತ್ತರ. ಮಾಲಕರು ಸುಮಾರು ಹೊತ್ತು ಕೇಳಿ ಬಿಟ್ಟಿದ್ದನ್ನೇ ಆರಿಸಿದ್ರು. ಅವರ ಕಿವಿ ಚಲೋ ಅದ, ವ್ಯಾಪಾರದ ಅವಸರದಾಗ ಅದನ್ನ ಕೇಳಂಗಿಲ್ಲ ಅಷ್ಟೇ.

ಆಮೇಲಿನ ತಕರಾರು, ಆಲ್ಬಮ್ ಅರ್ಧ ತಾಸೂ ಇಲ್ಲ, ಬರೇ ಗಿಟಾರ್, ತಬಲಾ ಕೊಳಲು ಏನರ ಹಾಕು ಅಂತ. ಆಗ ನಾ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಆಲ್ಬಮ್ ಸುದ್ದಿ ಹೇಳಿದೆ. ಅವನ ಮೊದಲಿನ ಎರಡು ಆಲ್ಬಮ್‌ನಾಗ ವಯಲಿನ್ ಗುಂಪು, ಬೇರೆ ವಾದ್ಯದೋರು ಎಲ್ಲಾ ಇದ್ರು. ಮೂರನೇದ್ದಕ್ಕ ಅಂವ 1971ರ ಅಕ್ಟೋಬರ್‌ದಾಗ ಲಂಡನ್‌ನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋಕ್ಕ ಒಬ್ಬನೇ ಗಿಟಾರ್ ಹಿಡ್ಕೊಂಡು ಹೋದ, ಇಂಜಿನಿಯರ್ ಜಾನ್ ವುಡ್ ಒಬ್ಬರು, ಎರಡೇ ರಾತ್ರಿ. ದನಿ, ಗಿಟಾರ್, ಒಂದೇ ಹಾಡಿಗೆ ಜರಾ ಪಿಯಾನೋ, ಅಷ್ಟೇ, 28 ನಿಮಿಷ. 1972ರಾಗ ಬಂತು, ಆವಾಗ ಯಾರೂ ಅಷ್ಟು ಕೊಳ್ಳಲಿಲ್ಲ, 1974ರಾಗ 26 ವಯಸ್ಸಿಗೆ ಅಂವ ತೀರ್ಕೊಂಡ. 1999ರಾಗ ಒಂದು ಕಾರಿನ ಜಾಹೀರಾತಿನಾಗ ಅದರಾಗಿನ ‘ಪಿಂಕ್ ಮೂನ್’ ಹಾಡು ಬಂದ ಮ್ಯಾಲ ಮಂದಿ ಹುಡುಕಿ ಕೊಂಡ್ರು. ಇಂಜಿನಿಯರ್ ಅವತ್ತು ಅದಕ್ಕ ಬೇರೆ ಏನೂ ಸೇರಿಸದೇ ಇದ್ದಿದ್ದಕ್ಕೇ ಆ ದನಿ ಹಂಗೇ ಉಳೀತು. ನಮ್ಮ ಹುಡುಗನ ಹಾಡಿಗೆ ತಬಲಾ ಹಾಕಿದ್ರ ಅಂವ ನಿಂತಲ್ಲಿ ನಿಲ್ಲಾಕ, ತಡದಲ್ಲಿ ತಡಿಯಾಕ ಆಗ್ತಿದ್ದಿಲ್ಲ.

ಈಗ ನಮ್ಮಲ್ಲಿ ಎರಡು ಟೆಂಪ್ಲೇಟ್ ಅವ. ಎರಡನೇದ್ದರಾಗ ಏನೂ ಇಲ್ಲ, ಖಾಲಿ ಚಾನೆಲ್, 24 ಬಿಟ್ ರೆಕಾರ್ಡಿಂಗ್, ಎಲ್ಲಕ್ಕಿಂತ ಜೋರಿನ ದನಿ (ಪೀಕ್) ಮೀಟರ್‌ನಾಗ ಮೈನಸ್ 12 ಡಿಬಿ ಸುತ್ತ. ಹೊಸ ಗಾಯಕರು ಬಂದ್ರ ಮೊದಲು ಅವರ ಹೆಡ್‌ಫೋನ್ ನಾನೇ ಹಾಕ್ಕೊಂಡು ಪಿಸುಗುಟ್ಟಿ ನೋಡ್ತೀನಿ, ಅವರಿಗೆ ಏನು ಕೇಳ್ತದ ಅಂತ ಗೊತ್ತಿಲ್ಲದೇ ಅವರ ಹಾಡಿನ ಬಗ್ಗೆ ಒಂದು ಮಾತೂ ಆಡಂಗಿಲ್ಲ. ಡಿಲೀಟ್ ರೂಲ್ ಮಾತ್ರ ಗೋಡಿ ಮ್ಯಾಲ ಇನ್ನೂ ಅದ. ನಾ ನನ್ನ ರೊಕ್ಕದಾಗ ಒಂದು 2 ಟಿಬಿ ಡ್ರೈವ್ ತಂದೀನಿ, ಸೆಷನ್ ಮುಗಿದ ಕೂಡಲೇ ಎಲ್ಲಾ ಟೇಕ್ ಅದರಾಗ ಹಾಕ್ತೀನಿ, ಇದು ಸ್ಟುಡಿಯೋ ಮಾಡಬೇಕಾದ ಖರ್ಚು ಅಂತ ಪ್ರತಿ ತಿಂಗಳೂ ಮಾಲಕರಿಗೆ ಹೇಳ್ತೀನಿ, ಹೇಳ್ತಾನೇ ಇರ್ತೀನಿ.

ಮುಂದಿನ ವಾರ ಆಳಂದ ಕಡಿಯಿಂದ ಬೀಸೋ ಪದ ಹಾಡೋ ಹಿರಿ ಹೆಣ್ಮಕ್ಕಳು ಬರೋರಿದ್ದಾರ. ಅವರು ಬೂತ್‌ನಾಗ ನಿಂತು ಹಾಡಂಗಿಲ್ಲ, ಬೀಸೋ ಕಲ್ಲು ಮುಂದ ಇಟ್ಟು ಕುಂತೇ ಹಾಡ್ತಾರ, ಕಲ್ಲಿನ ಸಪ್ಪಳ ದನಿ ಮುಚ್ಚದಂಗ ಮೈಕ್ ಎಲ್ಲಿ ಇಡಬೇಕು ಅನ್ನೋದು ನನಗ ಇನ್ನೂ ಕುಂತಿಲ್ಲ. ಬೀದರ್, ಯಾದಗಿರಿ ಕಡೆ ಯಾರರ ಹಂಗ ರೆಕಾರ್ಡ್ ಮಾಡಿದ್ರ ದಯವಿಟ್ಟು ತಿಳಸ್ರಿ.